ಬಲಕ್ಕೆ ನೋಡಬೇಕಾದ ಕೊಕ್ಕರೆ

ಕಲೆ ಬಲ್ಲವರಿಗೆ ಉಡುಗೊರೆ ಆರಿಸುವುದು ಎಷ್ಟು ಕಷ್ಟವೆಂಬುದು, ಅಂಥವರು ಯಾರೂ ಬಳಗದಲ್ಲಿಲ್ಲದ ಭಾಗ್ಯವಂತರಿಗೆ ತಿಳಿಯುವುದಿಲ್ಲ. ಸಾಮಾನ್ಯ ಮನುಷ್ಯರಿಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟರೂ "ಅಯ್ಯೋ, ಇದ್ನೆಲ್ಲ ಯಾಕ್ ತರಕ್ಕೋದೆ" ಎನ್ನುತ್ತ ಎರಡೂ ಕೈ ಚಾಚುತ್ತಾರೆ. ಕಲೆ ಬಲ್ಲವರು ಹಾಗಲ್ಲ. ಡಬ್ಬಿಯನ್ನು ಬೆಳಕಿಗೆ ಹಿಡಿದು, ಮುಚ್ಚಳಕ್ಕೂ ಮೈಗೂ ಇರುವ ಪ್ರಮಾಣವನ್ನು ಕಣ್ಣಲ್ಲೇ ಅಳೆದು, ಕೊನೆಗೆ ನಿಧಾನವಾಗಿ ನಮ್ಮ ಮುಖ ನೋಡುತ್ತಾರೆ. ಆ ನೋಟದಲ್ಲಿ ಡಬ್ಬಿಯ ಬಗ್ಗೆ ಮಾತ್ರವಲ್ಲ, ನಾವು ಈವರೆಗೆ ಬಾಳಿದ ರೀತಿಯ ಬಗ್ಗೆಯೇ ಒಂದು ತೀರ್ಪು ಇರುತ್ತದೆ. ಅದರ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

ನಾನು ಸುಲಭಕ್ಕೆ ಹೆದರುವವಳಲ್ಲ. ನಮ್ಮ ಬೀದಿಯ ದೀಪ ನಡುಮಧ್ಯಾಹ್ನ ಉರಿದರೆ ಅದಕ್ಕೆ ಹೊಣೆ ಯಾರೆಂದು ಲಿಖಿತವಾಗಿ ಕೇಳಿದವಳು. ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಓದುವಾಗ ಹಾಸ್ಟೆಲ್ಲಿನ ಸಾರಿನಲ್ಲಿ ಬೇಳೆಯ ಗೈರುಹಾಜರಿಯನ್ನು ಕುರಿತು ನಾಲ್ಕು ಪುಟದ ಮನವಿ ಬರೆದು, ಐದನೆಯ ಪುಟದಲ್ಲಿ ಸಹಿ ಸಂಗ್ರಹಿಸಿದವಳು. ಉತ್ತರ ಕೊಡಬೇಕಾದವರನ್ನು ಉತ್ತರ ಕೊಡುವ ತನಕ ಬಿಡಬಾರದು ಎಂಬುದು ಇಂದಿಗೂ ನನ್ನ ಅಚಲ ನಂಬಿಕೆ. ನಾನು ಗೇಟು ತೆರೆಯುವುದನ್ನು ಕಂಡರೆ ಊಟಕ್ಕೆ ಎದ್ದುಹೋಗುವ ಗುಮಾಸ್ತರು ನಮ್ಮ ಕೊಳ್ಳೇಗಾಲದಲ್ಲಿ ಇಬ್ಬರಾದರೂ ಇದ್ದಾರೆ. ಅದೂ ಬೆಳಗಿನ ಹನ್ನೊಂದಕ್ಕೆ. ಇಂಥ ನಾನು ಈ ಭೂಮಿಯ ಮೇಲೆ ಹೆದರುವುದು ಒಬ್ಬರಿಗೇ: ನನಗೆ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದ, ಈಗ ನಿವೃತ್ತರಾಗಿ ಯಳಂದೂರಿನ ತಮ್ಮ ಮನೆಯಲ್ಲಿ ಗಿಡ, ಹಕ್ಕಿ, ಪಾತ್ರೆ, ನೆರೆಯವರು ಎಲ್ಲವನ್ನೂ ಸೀಸದ ಕಡ್ಡಿಯಲ್ಲಿ ಬರೆಯುತ್ತಾ ಕೂತಿರುವ ರಾಚಪ್ಪ ಮೇಷ್ಟ್ರಿಗೆ.

ಹೆದರಿಕೆಗೆ ಕಾರಣ ಋಣ. ನನ್ನ ಅಪ್ಪ ನಂಜುಂಡಯ್ಯ ರೇಷ್ಮೆ ನೇಯುವವರು. ನಮ್ಮ ಮನೆಯ ನಡುವಿನ ಕೋಣೆಯಲ್ಲಿ ಮಗ್ಗ, ಮಿಕ್ಕ ಜಾಗದಲ್ಲಿ ನಾವು. ಹತ್ತನೇ ತರಗತಿ ಮುಗಿದ ಕೂಡಲೇ ನಾನು ಲಾಳಿಗೆ ನೂಲು ಸುತ್ತುತ್ತಾ ಅಪ್ಪನ ಜೊತೆ ಕೂರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ಬೇಸಿಗೆಯ ಒಂದು ಭಾನುವಾರ ಮೇಷ್ಟ್ರು ಯಳಂದೂರಿನಿಂದ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಹೊಸ್ತಿಲ ಬಳಿ ಕೂತು ಅಪ್ಪನ ಮಗ್ಗವನ್ನು ಬರೆದುಕೊಂಡು, ಅವ್ವ ಕೊಟ್ಟ ಮಜ್ಜಿಗೆ ಕುಡಿದು ಹೋದರು. ಮುಂದಿನ ಭಾನುವಾರವೂ ಬಂದರು, ಅದರ ಮುಂದಿನದಕ್ಕೂ ಬಂದರು. ನಾಲ್ಕನೆಯ ಭಾನುವಾರ ಅಪ್ಪನೇ ಕೈ ನಿಲ್ಲಿಸಿ, "ಸಾ, ನಿಮ್ಗೇನ್ ಬೇಕು ಅಂತ ಯೋಳ್ಬುಡಿ, ನಂಗೆ ನೇಯಕ್ಕಾಯ್ತಿಲ್ಲ" ಎಂದರು. ಮೇಷ್ಟ್ರು ಪುಸ್ತಕ ಮುಚ್ಚಿ, "ನಿಮ್ಮ ಕೂಸಿಗೆ ಕಣ್ಣದೆ ಕಣ್ರೀ ನಂಜುಂಡಯ್ಯನೋರೆ. ಓದ್ಸಿ. ಓದಿದ್ರೆ ಅದು ಇನ್ನೂ ಚುರುಕಾಯ್ತದೆ" ಎಂದರು. ಅಷ್ಟೇ ಮಾತು. ನನ್ನ ಪಿಯುಸಿ, ಬಿ.ಎ., ಎಂ.ಎ., ಬರವಣಿಗೆ ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿವೆ.

ಇಂಥವರಿಗೆ ಪ್ರತಿ ದಸರಾ ರಜೆಯಲ್ಲಿ ಏನಾದರೊಂದು ಕೊಡಬೇಕೆಂಬುದು ನನ್ನ ಹಟ. ಯಾವುದನ್ನೂ ಇಟ್ಟುಕೊಳ್ಳದಿರುವುದು ಅವರ ಅಭ್ಯಾಸ. ಮೊದಲ ವರ್ಷ ಒಂದು ಗೋಡೆ ಗಡಿಯಾರ ಒಯ್ದೆ. ಅದನ್ನು ಅವರು ಮುಖ ಗೋಡೆಗೆ ಮಾಡಿ ನೇತುಹಾಕಿ, "ಟಿಕ್ ಟಿಕ್ ಚೆನ್ನಾಗದೆ ಕೂಸೇ. ಅಂಕಿಗಳು ಮಾತ್ರ ಒಂದರ ಮೇಲೊಂದು ಬಿದ್ದು ಜಗಳ ಆಡ್ತವೆ" ಎಂದರು. ಸಂಜೆ ಹೊರಡುವಾಗ ಅದು ನನ್ನ ಚೀಲದಲ್ಲಿತ್ತು. ಎರಡನೆಯ ವರ್ಷ "ಕಲಾಪ್ರಿಯರಿಗಾಗಿ" ಎಂದು ಮೊಬೈಲಿನಲ್ಲಿ ಹುಡುಕಿದೆ. ಕಲಾಪ್ರಿಯರು ಯಾವಾಗಲೂ ಕಾಫಿ ಕುಡಿಯುತ್ತಿರುತ್ತಾರೆ ಎಂದು ಲೋಕ ನಂಬಿದಂತಿದೆ. ಬಂದದ್ದೆಲ್ಲ ಚಿತ್ರ ಅಚ್ಚಾದ ಮಗ್ಗುಗಳೇ. ಒಂದನ್ನು ತರಿಸಿದೆ. ಮೇಷ್ಟ್ರು ಬಿಸಿ ಕಾಫಿ ಸುರಿದ ಕೂಡಲೇ ಅದರ ಮೇಲಿದ್ದ ಸೂರ್ಯಕಾಂತಿ ನೀಲಿಯಾಗಿ, ಆಮೇಲೆ ಬೆರಳಿಗೆ ಅಂಟಿ ಬಂತು. ಮಾರಿದವರಿಗೆ ಮೂರು ಪುಟದ ದೂರು ಬರೆದೆ. ಅವರು ಕ್ಷಮೆ ಕೋರಿ ಅಂಥದೇ ಇನ್ನೊಂದು ಮಗ್ಗು ಕಳಿಸಿದರು. ಮೂರನೆಯ ವರ್ಷ ಗಂಭೀರಳಾಗಿ, ಹನೂರು ಮಾರ್ಗವಾಗಿ ಒಡೆಯರಪಾಳ್ಯದ ಟಿಬೆಟಿನವರ ಶಿಬಿರಕ್ಕೆ ಹೋಗಿ, ಅವರು ನೇಯ್ದ ಒಂದು ಜಮಖಾನ ಕೊಂಡುತಂದೆ. ಮೇಷ್ಟ್ರು ಅದನ್ನು ಹಾಸಿ, ಸುತ್ತಲೂ ಮೂರು ಸಲ ನಡೆದು, ಕಣ್ಣು ತುಂಬಾ ನೋಡಿ ಮೆಚ್ಚಿದರು. ಗೆದ್ದೆ ಎಂದುಕೊಂಡೆ. ಆಮೇಲೆ ನಿಟ್ಟುಸಿರುಬಿಟ್ಟು, "ಇದರ ಮೇಲೆ ಕಾಲಿಡೋಕೆ ಮನಸ್ಸು ಬರ್ತಿಲ್ಲ, ಗೋಡೆಗೆ ಹಾಕಿದ್ರೆ ನೇಯ್ದೋರಿಗೆ ಅವಮಾನ. ಇನ್ನುಳಿದ ಆಯುಸ್ಸೆಲ್ಲ ಅಡಿಗೆಮನೆಗೆ ಹಾರ್ಕೊಂಡೇ ಓಗ್ಬೇಕಾಯ್ತದೆ. ತಕಂಡೋಗವ್ವ" ಎಂದರು.

ಈ ವರ್ಷ ನನಗೊಂದು ಅದ್ಭುತ ಯೋಚನೆ ಹೊಳೆಯಿತು. ಮೇಷ್ಟ್ರ ಚಿತ್ರಗಳಲ್ಲೆಲ್ಲ ಅವರಿಗೆ ಪ್ರಿಯವಾದದ್ದು ಕೆರೆಯ ನೀರಿನಲ್ಲಿ ನಿಂತ ಒಂದು ಕೊಕ್ಕರೆ. ಪ್ರೀತಿಗೆ ಕಾರಣವಿದೆ. ಬಲಗೈಯಲ್ಲಿ ಬರೆಯುವವರು ಮೈಮರೆತು ಪಕ್ಕದಿಂದ ಕಾಣುವ ಒಂದು ಮುಖ ಬರೆದರೆ ಅದು ಎಡಕ್ಕೇ ನೋಡುತ್ತದೆ. ಕೈ ಹಾಗೆಯೇ ಹರಿಯುತ್ತದೆ. ಬೇಕಿದ್ದರೆ ಈಗಲೇ ಬರೆದು ನೋಡಿ. ಮೇಷ್ಟ್ರು ತರಗತಿಯಲ್ಲಿ, "ಎಡಕ್ಕೆ ನೋಡೋದು ಕೈ ಬರೆದ ಚಿತ್ರ. ಬಲಕ್ಕೆ ನೋಡೋದು ಕಣ್ಣು ಬರೆದ ಚಿತ್ರ" ಎನ್ನುತ್ತಿದ್ದರು. ವರ್ಷಗಟ್ಟಲೆ ಕೈಯನ್ನು ಪಳಗಿಸಿ ಅವರು ಬರೆದ ಆ ಕೊಕ್ಕರೆ ಬಲಕ್ಕೆ ನೋಡುತ್ತದೆ. ಅದರ ಒಂದು ಪ್ರತಿ ನನ್ನ ಬಳಿಯಿತ್ತು. ಅದನ್ನು ಅಪ್ಪನ ಮಗ್ಗದಲ್ಲಿ ರೇಷ್ಮೆಯಲ್ಲಿ ನೇಯಿಸಿ ಕೊಟ್ಟರೆ? ಓದಿಸಿ ಎಂದವರಿಗೆ ಓದಿಸಿದವರ ಕೈಯಿಂದಲೇ ಒಂದು ಕೃತಜ್ಞತೆ. ಯೋಚನೆಯ ಚೆಲುವಿಗೆ ನಾನೇ ತಲೆದೂಗಿದೆ.

ಆದರೆ ನೇಕಾರರ "ಮುಂದಿನ ವಾರ" ಎಂಬ ಮಾತನ್ನು ನಂಬಿ ಕೆಟ್ಟವರನ್ನು ನಾನು ಬಾಲ್ಯದಿಂದ ನೋಡಿದ್ದೇನೆ; ಅವರೆಲ್ಲ ನಮ್ಮ ಜಗಲಿಯ ಮೇಲೆಯೇ ಕೂತು ಕಾಯುತ್ತಿದ್ದರು. ಆದ್ದರಿಂದ ಅಪ್ಪನಾದರೂ ಸರಿ, ಎಲ್ಲವೂ ಬರಹದಲ್ಲಿರಲಿ ಎಂದು ಎರಡು ಪುಟದ ಸೂಚನಾಪತ್ರ ಸಿದ್ಧಪಡಿಸಿದೆ. ಅದರ ಮೂರನೆಯ ಸೂಚನೆ ಹೀಗಿತ್ತು: "ಚಿತ್ರವು ಮಗ್ಗದಲ್ಲಿ ನೇಯುವವರ ಕಣ್ಣಿಗೆ ಮೂಲದಲ್ಲಿರುವಂತೆಯೇ ಬಲಮುಖವಾಗಿ ಕಾಣತಕ್ಕದ್ದು. ಈ ಬಗ್ಗೆ ಯಾವುದೇ ಮೌಖಿಕ ವಿವರಣೆಯನ್ನು ಪರಿಗಣಿಸಲಾಗುವುದಿಲ್ಲ."

ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಮೂರನೆಯ ಸೂಚನೆಯ ಮೇಲೆ ಬೆರಳಿಟ್ಟು, "ಅಲ್ಲ ಕೂಸೇ, ಮಗ್ಗದಲ್ಲಿ ನಮ್ಗೆ ಕಾಣಾದು..." ಎಂದು ಶುರುಮಾಡಿದರು.

"ಅಪ್ಪಾ, ಬಾಯಿಮಾತು ಬೇಡ. ಬರೆದಿರೋ ಹಾಗೆ ಮಾಡಿ."

"ಅದು ಸರಿ ಕಣವ್ವ, ಆದ್ರೆ..."

"ಈ 'ಆದ್ರೆ'ಯಿಂದಲೇ ಈ ದೇಶ ಹೀಗಿರೋದು" ಎಂದೆ.

ಅಡಿಗೆಮನೆಯಿಂದ ಅವ್ವ, "ಸುಮ್ಕೆ ನೇಯಿ ಮಾರಾಯ. ದೇಶದ ಸುದ್ದಿ ಎತ್ತುದ್ಲು ಅಂದ್ರೆ ಇವತ್ತು ಸಾರು ಇಳಿಯಕಿಲ್ಲ" ಎಂದಳು. ಅಪ್ಪ ಕಾಗದವನ್ನು ಮಡಿಸಿ ಮಗ್ಗದ ಪಕ್ಕದ ಮೊಳೆಗೆ ಸಿಕ್ಕಿಸಿದರು. ಚಿತ್ರವನ್ನು ಚೌಕುಳಿ ಕಾಗದಕ್ಕೆ ಇಳಿಸಿ, ಅದರಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಸಿ, ಮಗ್ಗದ ತಲೆಯ ಮೇಲಿನ ಜಕಾರ್ಡ್ ಯಂತ್ರಕ್ಕೆ ಕಟ್ಟಿ ನೇಯಲು ಕೂತರು. ನಾನು ಪ್ರತಿ ಸಂಜೆ ಮಗ್ಗದ ಮೇಲೆ ಬಗ್ಗಿ ನೋಡುತ್ತಿದ್ದೆ. ಮೊದಲು ನೀರು, ಆಮೇಲೆ ಕಾಲು, ಆಮೇಲೆ ಎದೆ, ಕೊನೆಗೆ ಬಲಕ್ಕೆ ತಿರುಗಿದ ಕೊಕ್ಕು. ನೋಡಿದ ಪ್ರತಿ ದಿನವೂ ಸೂಚನಾಪತ್ರದ ಹಿಂದೆ "ಪರಿಶೀಲಿಸಿದೆ, ಸರಿಯಾಗಿದೆ" ಎಂದು ಬರೆದು ಸಹಿ ಹಾಕುತ್ತಿದ್ದೆ. ಹೊಣೆಗಾರಿಕೆ ಎಂದರೆ ಏನೆಂದು ಮನೆಯಿಂದಲೇ ಲೋಕಕ್ಕೆ ತೋರಿಸಬೇಕಲ್ಲ.

ರಜೆಯ ಕೊನೆಗೆ ಎರಡು ದಿನ ಉಳಿದಾಗ ಅಪ್ಪ ಬಟ್ಟೆಯನ್ನು ಮಗ್ಗದಿಂದ ಕತ್ತರಿಸಿ ತೆಗೆದು, ತಿರುಗಿಸಿ ನನ್ನ ಕೈಗಿಟ್ಟರು. ಕೊಕ್ಕರೆ ಎಡಕ್ಕೆ ನೋಡುತ್ತಿತ್ತು.

ಇಲ್ಲಿ ಓದುಗರಿಗೆ ಒಂದು ಸಂಗತಿ ಹೇಳಬೇಕು. ಮಗ್ಗದ ಮನೆಯಲ್ಲಿ ಹುಟ್ಟಿದ ನನಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ, ಆದರೂ ಮರೆತಿದ್ದೆ. ನಮ್ಮಲ್ಲಿ ರೇಷ್ಮೆಯನ್ನು ಮುಖ ಕೆಳಗೆ, ಬೆನ್ನು ಮೇಲೆ ಮಾಡಿ ನೇಯುತ್ತಾರೆ. ನೇಯುವವರಿಗೆ ಕಾಣುವುದು ಎಳೆ ಜೋತಾಡುವ ಹಿಂಬದಿ ಮಾತ್ರ. ಮುಂಬದಿ ಕಾಣುವುದು ಕತ್ತರಿಸಿದ ಮೇಲೆ. ಸೀರೆಯ ಅಂಚಿನಲ್ಲಿ ಹಂಸಗಳು ಜೋಡಿಯಾಗಿ ಎದುರುಬದುರು ನಿಲ್ಲುವುದರಿಂದ ಎಡಬಲದ ಪ್ರಶ್ನೆ ಏಳುವುದೇ ಇಲ್ಲ. ಒಂಟಿ ಕೊಕ್ಕರೆಗೆ ಏಳುತ್ತದೆ. ಮೇಲಿನಿಂದ ಬಲಕ್ಕೆ ಕಂಡರೆ ಮುಖದಲ್ಲಿ ಅದು ಎಡಕ್ಕೇ ನೋಡಬೇಕು.

"ಯಾರು ಇದಕ್ಕೆ ಹೊಣೆ?" ಎಂದು ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಮಗ್ಗದ ಸದ್ದೂ ನಿಂತಿತು. ಅಪ್ಪ ಮೊಳೆಯಿಂದ ಕಾಗದ ತೆಗೆದು ಕೊಟ್ಟರು. "ಮೂರ್ನೇ ನಂಬರ್ ಓದವ್ವ." ಓದಿದೆ. "ಹಿಂದಗಡೇನೂ ನೋಡು." ನೋಡಿದೆ. ಹದಿನೆಂಟು ಸಹಿಗಳಿದ್ದವು, ಎಲ್ಲವೂ ನನ್ನವು, ಒಂದಕ್ಕಿಂತ ಒಂದು ಸುಂದರ. "ಯೋಳಕ್ಕೆ ಬಂದೆ, ನೀನು ಬುಡ್ಲಿಲ್ಲ. ಎಂಎ ಓದಿರೋಳು, ಏನೋ ಲೆಕ್ಕಾಚಾರ ಇದ್ದಾದು ಅಂದ್ಕಂಡೆ" ಎಂದರು ಅಪ್ಪ. ಅವ್ವ ಬಾಗಿಲಿಗೆ ಒರಗಿ, ಸೆರಗನ್ನು ಬಾಯಿಗೊತ್ತಿಕೊಂಡು, ಮೈಯೆಲ್ಲ ಕುಲುಕುವಂತೆ ನಗುತ್ತಿದ್ದಳು.

ಮತ್ತೊಮ್ಮೆ ನೇಯಲು ಮಗ್ಗದ ಮೇಲೆ ಹಾಸಿನ ನೂಲೂ ಇರಲಿಲ್ಲ, ದಿನವೂ ಇರಲಿಲ್ಲ. ಕೊಡದೆ ಬಿಡೋಣವೆಂದರೆ ಅಪ್ಪ, "ಹದಿನೆಂಟು ದಿನ ಕೂತಿದ್ದೀನಿ. ಆ ಮನ್ಸನ ಕೈಲಿ ನಾನೇ ಕೊಡ್ತೀನಿ" ಎಂದು ಒಗೆದ ಪಂಚೆ ಉಟ್ಟು ನಿಂತಿದ್ದರು. ಯಳಂದೂರಿನ ಬಸ್ಸಿನಲ್ಲಿ ನಾನು ಮನಸ್ಸಿನಲ್ಲೇ ವಿವರಣೆ ಕಟ್ಟತೊಡಗಿದೆ. "ತಾಂತ್ರಿಕ ಕಾರಣಗಳಿಂದ ದಿಕ್ಕಿನ ವಿಷಯದಲ್ಲಿ ಅಲ್ಪ ವ್ಯತ್ಯಾಸ ಉಂಟಾಗಿರುತ್ತದೆ." ವಾಕ್ಯ ಸಲೀಸಾಗಿ ಬಂತು. ಅದರಲ್ಲಿ ವ್ಯತ್ಯಾಸವಿತ್ತು, ಕಾರಣಗಳಿದ್ದವು, ಮನುಷ್ಯರು ಮಾತ್ರ ಒಬ್ಬರೂ ಇರಲಿಲ್ಲ. ನನ್ನ ಅರ್ಜಿಗಳಿಗೆ ಬರುವ, ನಾನು ಹರಿದೆಸೆಯುವ ಉತ್ತರಗಳೆಲ್ಲ ಹೀಗೇ ಇರುತ್ತವೆ. ಅವನ್ನು ಬರೆಯುವವರು ದುಷ್ಟರೆಂದು ತಿಳಿದಿದ್ದೆ. ಅವರು ಬಹುಶಃ ಯಾರದೋ ಮುಖ ನೋಡಲು ಹೆದರಿದವರಷ್ಟೇ ಎಂದು ಮಾಂಬಳ್ಳಿ ದಾಟುವಾಗ ಮೊದಲ ಬಾರಿಗೆ ಅನಿಸಿತು.

ಮೇಷ್ಟ್ರು ಜಗಲಿಯ ತೂಗುಕುರ್ಚಿಯಲ್ಲಿದ್ದರು. ಅಪ್ಪ ಬಟ್ಟೆಯನ್ನು ಬಿಡಿಸಿ ಹಿಡಿದರು. ಮೇಷ್ಟ್ರು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಕೊಕ್ಕರೆ ನಂದೇ. ಆದ್ರೆ ಇದ್ಯಾಕೆ ಈ ಕಡೆಗೆ ತಿರುಗ್ತು?"

ನಾನು ಬಾಯಿ ತೆರೆದೆ. "ತಾಂತ್ರಿಕ..." ಎಂಬಷ್ಟರಲ್ಲಿ ಅಪ್ಪ ಮುಂದೆ ಬಂದರು. "ತಪ್ಪು ನಂದೇ ಸಾ. ವಯಸ್ಸಾಯ್ತಲ್ಲ, ಕಾರ್ಡುನ್ನ ಉಲ್ಟಾ ಕಟ್ಬುಟ್ಟೆ. ಕೂಸಿದ್ದು ಏನೂ ಇಲ್ಲ."

ನಲವತ್ತು ವರ್ಷ ಮಗ್ಗದಲ್ಲಿ ಕೂತ ಮನುಷ್ಯ, ಒಂದು ಎಳೆ ತಪ್ಪಿದರೆ ಗೇಣುದ್ದ ಬಿಚ್ಚಿ ಮತ್ತೆ ನೇಯುವವರು, ಕಸುಬು ಬಲ್ಲ ಇನ್ನೊಬ್ಬರ ಮುಂದೆ ಕಸುಬು ತಪ್ಪಿದೆ ಎಂದು ಸುಳ್ಳು ಹೇಳುತ್ತಿದ್ದರು. ಆ ಸುಳ್ಳಿಗೆ ಅವರು ಒಂದಿಷ್ಟೂ ತಡವರಿಸಲಿಲ್ಲ. ನಾನು ಚೀಲದಿಂದ ಸೂಚನಾಪತ್ರ ತೆಗೆದು ಮೇಷ್ಟ್ರ ಕೈಗಿಟ್ಟು, "ಇಲ್ಲ ಮೇಷ್ಟ್ರೇ, ತಪ್ಪು ನನ್ನದು. ಅಪ್ಪ ಹೇಳೋಕೆ ಬಂದ್ರು, ನಾನು ಬಾಯಿ ಮುಚ್ಚಿಸಿದೆ. ಮೂರನೆಯದು ಓದಿ" ಎಂದೆ.

ಮೇಷ್ಟ್ರು ಓದಿದರು. "ಮೌಖಿಕ ವಿವರಣೆಯನ್ನು ಪರಿಗಣಿಸಲಾಗುವುದಿಲ್ಲ" ಎಂಬಲ್ಲಿಗೆ ಬಂದಾಗ ಅವರ ಹೊಟ್ಟೆ ಅಲುಗತೊಡಗಿತು. ಹಾಳೆ ತಿರುಗಿಸಿ ಸಹಿಗಳನ್ನು ನೋಡಿದ ಮೇಲಂತೂ ತೂಗುಕುರ್ಚಿ ತಾನೇ ತೂಗಿತು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, "ನಂಜುಂಡಯ್ಯನೋರೆ, ಹಂಗಾರೆ ನೀವು ಅಷ್ಟ್ ದಿನಾನೂ ನೋಡ್ತಿದ್ದಿದ್ದು ಯಾವ ಕಡೆ?" ಎಂದರು.

"ಬೆನ್ನು ಸಾ. ನಮ್ಗೆ ಯಾವಾಗ್ಲೂ ಕಾಣಾದು ಅದೇಯ."

ಮೇಷ್ಟ್ರು ಬಟ್ಟೆಯನ್ನು ತಿರುಗಿಸಿದರು. ಕೊಕ್ಕರೆ ಬಲಕ್ಕೆ ನೋಡಿತು. ಹಿಂಬದಿಯಲ್ಲಿ ಬಿಳಿ ಎಳೆಗಳು ಅಲ್ಲಲ್ಲಿ ಸಡಿಲವಾಗಿ ಜೋತುಬಿದ್ದು ನಿಜವಾದ ಗರಿಗಳ ಹಾಗಿದ್ದವು. ಕಾಲಿನ ಕೆಳಗೆ ನೀಲಿ ಎಳೆಗಳು ಒಂದನ್ನೊಂದು ದಾಟಿ ಕೆರೆಯ ನೀರು ಕದಡಿದಂತೆ ಕಾಣುತ್ತಿದ್ದವು. "ನನ್ನ ಪೆನ್ಸಿಲ್ಲಿಗೆ ಈ ಗರಿ ಬಂದಿರ್ಲಿಲ್ಲ" ಎಂದರು ಮೇಷ್ಟ್ರು, ಮೆಲ್ಲಗೆ. "ಇದನ್ನ ಇಟ್ಕತೀನಿ. ಈ ಕಡೆಯೇ ಕಾಣೋ ಹಂಗೆ ಹಾಕ್ತೀನಿ." ಅಪ್ಪ ತಲೆ ತಗ್ಗಿಸಿ, ಇಲ್ಲದ ಧೂಳನ್ನು ಪಂಚೆಯಿಂದ ಒರೆಸಿಕೊಂಡರು. ಆಮೇಲೆ ಇಬ್ಬರೂ ಕೂತು ನೂಲು, ಬಣ್ಣ, ಕಣ್ಣುನೋವು ಎಂದು ಮಾತಿಗೆ ತೊಡಗಿದರು. ಕಾಫಿ ತರುವ ಕೆಲಸ ನನ್ನ ಪಾಲಿಗೆ ಬಂತು, ಆಕ್ಷೇಪಣೆ ಸಲ್ಲಿಸಲಿಲ್ಲ.

ಕಾಫಿ ತರುವಷ್ಟರಲ್ಲಿ ಮೇಷ್ಟ್ರು ಬಟ್ಟೆಯ ಕೆಳಗೆ ಅಂಟಿಸಲೆಂದು ಒಂದು ಪುಟ್ಟ ಚೀಟಿ ಬರೆದಿದ್ದರು. ಮುತ್ತು ಪೋಣಿಸಿದಂಥ ಅಕ್ಷರ. ಚಿತ್ರ: ರಾಚಪ್ಪ. ನೇಯ್ಗೆ: ನಂಜುಂಡಯ್ಯ. ತಪ್ಪು: ಶೈಲಜಾ, ಎಂ.ಎ.

"ಮೇಷ್ಟ್ರೇ, 'ಮೇಲ್ವಿಚಾರಣೆ' ಅಂತ ಬರೀಬಹುದಿತ್ತಲ್ಲ" ಎಂದೆ.

"ಬರೀಬಹುದಿತ್ತು. ಆದ್ರೆ ಮೇಲ್ವಿಚಾರಣೆಯಿಂದ ಇಲ್ಲೇನಾಯ್ತು ಯೋಳು? ಆಗಿದ್ದೆಲ್ಲ ತಪ್ಪಿಂದ."

ಅಪ್ಪ ಕಾಫಿ ಲೋಟದೊಳಗೇ ನಕ್ಕರು. ಮೇಷ್ಟ್ರು ಸೀಸದ ಕಡ್ಡಿಯನ್ನು ನನ್ನತ್ತ ಚಾಚಿ, "ಒಪ್ಪಿಗೆ ಇದ್ರೆ ಕೆಳಗೊಂದು ಸಹಿ ಹಾಕವ್ವ, ನಾಳೆ ತಕರಾರು ಬೇಡ" ಎಂದರು. ನಾನು ಚೀಟಿಯನ್ನು ಕೈಗೆತ್ತಿಕೊಂಡು ಪೂರ್ತಿ ಓದಿದೆ. ಆಮೇಲೆ ತಿರುಗಿಸಿ, ಹಿಂಬದಿಯನ್ನೂ ಚೆನ್ನಾಗಿ ನೋಡಿ, ಸಹಿ ಹಾಕಿದೆ.