ಆರೂವರೆ ಆಟದ ಮೋಟಾರ್ ಸೈಕಲ್

ಎಂಜಿನ್ ಇಲ್ಲದ ಮೋಟಾರ್ ಸೈಕಲ್ಲನ್ನು ಸರ್ಕಾರವು ಸೈಕಲ್ ಎಂದು ಪರಿಗಣಿಸುವುದಿಲ್ಲ. ಎಂಜಿನ್ ಇದ್ದೂ ಅದು ಯಾವ ಎಂಜಿನ್ ಎಂದು ಗೊತ್ತಿಲ್ಲದಿದ್ದರೆ ಅದನ್ನು ಮೋಟಾರ್ ಸೈಕಲ್ ಎಂದೂ ಪರಿಗಣಿಸುವುದಿಲ್ಲ. ೧೯೫೪ನೇ ಇಸವಿಯ ಬೇಸಿಗೆಯಲ್ಲಿ ಆದವಾನಿಯ ತಾತ್ಕಾಲಿಕ ವಾಹನ ಗುರುತು ಕಚೇರಿಯು ಈ ವಿಷಯದಲ್ಲಿ ಸ್ಪಷ್ಟವಾದ ನಿಲುವನ್ನು ತಳೆದಿತ್ತು.

ಈ ಕಚೇರಿ ಹುಟ್ಟಿದ್ದಕ್ಕೆ ಕಾರಣವಿದೆ. ಹಿಂದಿನ ವರ್ಷ ರಾಜ್ಯಗಳನ್ನು ಹಂಚುವಾಗ ಆದವಾನಿ, ಆಲೂರು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಹೊಸ ಆಂಧ್ರ ರಾಜ್ಯಕ್ಕೆ ಬಂದವು. ಹೊಲ, ಕೋಟೆ, ಜನ, ಎಮ್ಮೆ ಎಲ್ಲವೂ ಬಂದವು. ವಾಹನಗಳ ರಿಜಿಸ್ಟರು ಮಾತ್ರ ಬರಲಿಲ್ಲ, ಅದು ಆ ಕಡೆ ಯಾವುದೋ ಬೀರುವಿನಲ್ಲಿ ಉಳಿದುಹೋಯಿತು. ಆದ್ದರಿಂದ ಊರಿನ ವಾಹನಗಳನ್ನೆಲ್ಲ ಹೊಸದಾಗಿ ಗುರುತಿಸುವ ಕೆಲಸಕ್ಕೆ ಮರಿಬಸಪ್ಪನವರನ್ನು ನೇಮಿಸಲಾಯಿತು. ಅವರು ಅದುವರೆಗೆ ಇಪ್ಪತ್ತೆರಡು ವರ್ಷ, ಬೆಳೆ ಮೇಯ್ದ ದನಗಳನ್ನು ಕೂಡಿಹಾಕುವ ದೊಡ್ಡಿಯ ಮೇಲ್ವಿಚಾರಕರಾಗಿದ್ದರು. ಎತ್ತಿಗೂ ಮೋಟಾರ್ ಸೈಕಲ್ಲಿಗೂ ಮುಂದೆ ಎರಡು ಕೊಂಬು ಇರುವುದರಿಂದ ಮೇಲಿನವರು ಈ ಆಯ್ಕೆ ಮಾಡಿದರೆಂದು ಕೇಳಿದ್ದೇನೆ. ಇದರಲ್ಲಿ ನನಗಂತೂ ತಪ್ಪೇನೂ ಕಾಣುವುದಿಲ್ಲ.

ಅವರ ಮುಂದೆ ಬಂದ ಮೊದಲನೇ ಪ್ರಕರಣವೇ ಗೋವಿಂದಪ್ಪನದು. ಗೋವಿಂದಪ್ಪ ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದು, ಈಗ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕಾವಲು ಕಾಯುತ್ತಿದ್ದ. ಹೆಂಡತಿ ವೆಂಕಮ್ಮ ಆಸ್ಪತ್ರೆಯಲ್ಲಿ ಸೂಲಗಿತ್ತಿ. ಮಗಳು ಆದಿಲಕ್ಷ್ಮಿಯನ್ನು ಆಲೂರಿನಾಚೆ ಚಿಪ್ಪಗಿರಿಗೆ ಕೊಟ್ಟಿದ್ದರು. ಮೊದಲನೇ ಹೆರಿಗೆ ತವರಲ್ಲೇ ಆಗಿತ್ತು. ಬಹಳ ಕಷ್ಟದ ಹೆರಿಗೆ, ವೆಂಕಮ್ಮನ ಕೈ ಇದ್ದದ್ದಕ್ಕೆ ತಾಯಿ ಮಗು ಎರಡೂ ಉಳಿದವು. ಎರಡನೆಯದು ಗಂಡನ ಮನೆಯಲ್ಲೇ ಆಗಬೇಕು ಎಂದು ಬೀಗಿತ್ತಿ ಎರ್ರಮ್ಮ ಹಟ ಹಿಡಿದಿದ್ದಳು, ಪದ್ಧತಿಯೂ ಹಾಗೆಯೇ ಇತ್ತು. ಚಿಪ್ಪಗಿರಿಯ ಕಡೆ ಬಸ್ಸು ದಿನಕ್ಕೊಂದು, ಅದೂ ಬೆಳಗ್ಗೆ. ಎತ್ತಿನ ಗಾಡಿ ಕಟ್ಟಿದರೆ ಒಂದು ಹಗಲು ಬೇಕು. ಸುದ್ದಿ ಬಂದ ಗಳಿಗೆಯಲ್ಲೇ ಹೆಂಡತಿಯನ್ನು ಕೂಡಿಸಿಕೊಂಡು ಹೊರಡಬೇಕೆಂದು ಗೋವಿಂದಪ್ಪ ಆ ಮೋಟಾರ್ ಸೈಕಲ್ಲನ್ನು ಕೊಂಡಿದ್ದ. ಬೇರೆ ಯಾವ ಷೋಕಿಯೂ ಅವನಿಗಿರಲಿಲ್ಲ.

ಗಾಡಿಯನ್ನು ಮಾರಿದವನು ಜಿನ್ನುಗಳ ಯಂತ್ರ ರಿಪೇರಿ ಮಾಡುವ ಬಜಾರಪ್ಪ. ಮಿಲಿಟರಿಯವರು ಹರಾಜು ಹಾಕಿದ ಒಂದು ಗಾಡಿಯ ಚಾಸಿ, ಇನ್ಯಾವುದರದೋ ಹಿಂದಿನ ಗಾಲಿ, ಕಮ್ಮಾರನಿಂದ ಬಡಿಸಿದ ಟ್ಯಾಂಕು, ಹತ್ತಿ ತುಂಬಿದ ಸೀಟು, ಇಷ್ಟನ್ನು ಸೇರಿಸಿ ಅವನೇ ಅದನ್ನು ಕಟ್ಟಿದ್ದ. ಹಳೆಯ ಎಂಜಿನ್ ಒಡೆದಿದ್ದರಿಂದ ಬೇರೊಂದನ್ನು ಕೂಡಿಸಿದ್ದ. ಆ ಬೇರೊಂದು ಯಾವುದು ಎಂಬುದೇ ಪ್ರಶ್ನೆ.

“ಎಂಜಿನ್ ನಂಬರ ಎಲ್ಲೈತಪಾ?” ಎಂದು ಮರಿಬಸಪ್ಪ ಕೇಳಿದರು.

“ಇತ್ರಿ ಸಾಹೇಬ್ರ,” ಎಂದ ಬಜಾರಪ್ಪ. “ಕಿಲುಬು ಹಿಡಿದಿತ್ತು. ಗಿರಾಕಿಗೆ ಕೊಡೂ ಮುಂದ ಛಲೋ ಕಾಣ್ಲಿ ಅಂತ ಅರ ಹಾಕಿ ಉಜ್ಜಿದೆ. ಕಿಲುಬೂ ಹೋತು, ನಂಬರೂ ಹೋತು.”

“ಎಲ್ಲಿಂದ ತಂದಿ?”

“ಗುಜರಿ ರಾಶಿಯೊಳಗಿಂದರಿ. ನಮ್ಮ ರಾಶಿಗೆ ಬಂದ ಸಾಮಾನಕ್ಕ ಊರು ಕೇರಿ ಕೇಳಾಂಗಿಲ್ರಿ ನಾವು.”

ಗುಮಾಸ್ತ ಸುಂಕಣ್ಣ ತಾತ್ಕಾಲಿಕ ನಿಯಮಾವಳಿಯನ್ನು ತೆರೆದು ಏಳನೇ ನಿಯಮವನ್ನು ಓದಿದ: “ಯಾವ ಎಂಜಿನ್ನಿಗೆ ನಂಬರು ಇರುವುದಿಲ್ಲವೋ ಆ ಎಂಜಿನ್ನು ಇನ್ನೂ ಹುಟ್ಟಿಲ್ಲವೆಂದು ಭಾವಿಸತಕ್ಕದ್ದು.” ಹುಟ್ಟದ ಎಂಜಿನ್ನಿನ ಮೇಲೆ ಕುಳಿತು ಚಿಪ್ಪಗಿರಿಗೆ ಹೋಗುವುದು ಅಪರಾಧವಾದ್ದರಿಂದ ಗಾಡಿಯನ್ನು ಕಚೇರಿಯ ಬೇವಿನ ಮರಕ್ಕೆ ಹಗ್ಗದಿಂದ ಕಟ್ಟಲಾಯಿತು. ಅಭ್ಯಾಸಬಲದಿಂದ ಮರಿಬಸಪ್ಪನವರು ಮುಂದೆ ಒಂದು ಬುಟ್ಟಿ ಮೇವೂ ಹಾಕಿಸಿದರು.

“ಸಾಹೇಬ್ರ, ಮಗಳ ಹೆರಿಗಿಗೆ ಇನ್ನ ಹದಿನೈದು ದಿನ ಐತ್ರಿ,” ಎಂದು ಗೋವಿಂದಪ್ಪ ಕೈ ಮುಗಿದ.

“ಹೆದರಬ್ಯಾಡ. ದೊಡ್ಡಿಯೊಳಗ ನಾನು ಎಷ್ಟು ಕಳುವಿನ ದನದ ಗುರ್ತು ಹಿಡಿದೀನಿ. ಎಂಜಿನ್ ಯಾವ ಲೆಕ್ಕ,” ಎಂದು ಮರಿಬಸಪ್ಪ ಧೈರ್ಯ ಹೇಳಿದರು. ಅವರು ಒಳ್ಳೆಯ ಮನುಷ್ಯ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ ಎಂಬುದನ್ನು ನಾನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮರುದಿನ ಊರಲ್ಲಿ ಡಂಗುರ ಹೊಡೆಸಲಾಯಿತು. “ಕೇಳ್ರಪೋ ಕೇಳ್ರಿ. ಮೈಬಣ್ಣ ಕಪ್ಪು, ನಂಬರ ಇಲ್ಲ, ಎಡಗಡೆ ಒಂದು ಪೆಟ್ಟಿನ ಗುರ್ತು, ಒಂದು ಎಂಜಿನ್ನು ಸರ್ಕಾರದ ವಶದಾಗ ಐತಿ. ಕಳಕೊಂಡವರು, ಸಾಕಿದವರು, ನೋಡಿದವರು ಸೋಮವಾರ ಹತ್ತಕ್ಕ ಬೇವಿನ ಮರದ ಕೆಳಗ ಹಾಜರಾಗ್ರಪೋ.”

ಸೋಮವಾರ ಊರಿಗೆ ಊರೇ ಹಾಜರಾಯಿತು. ಗುರುತಿನ ಕೆಲಸ ಶಾಸ್ತ್ರೋಕ್ತವಾಗಿ ನಡೆಯಿತು. ಮೊದಲು ಹಲ್ಲು ನೋಡಬೇಕೆಂದರು. ಬಜಾರಪ್ಪ ಹಲ್ಲಿನ ಚಕ್ರವನ್ನು ಬಿಚ್ಚಿ ತೋರಿಸಿ ಹದಿನಾರು ಹಲ್ಲು ಎಂದ. ಎಂಟು ಹಲ್ಲಿನ ಎತ್ತನ್ನು ಬಾಯಿಗೂಡಿತು, ಎಂದರೆ ವಯಸ್ಸು ತುಂಬಿತು, ಎನ್ನುವುದುಂಟು, ಹದಿನಾರರದ್ದನ್ನು ಮರಿಬಸಪ್ಪನವರೂ ಕಂಡಿರಲಿಲ್ಲ. “ವಯಸ್ಸು: ಎರಡೆತ್ತಿನಷ್ಟು” ಎಂದು ಸುಂಕಣ್ಣ ಬರೆದುಕೊಂಡ.

ಮುಂದಿನದು ಮುಖ್ಯವಾದ ಪರೀಕ್ಷೆ. ದನದ ಮೇಲೆ ಇಬ್ಬರು ಹಕ್ಕು ಹೇಳಿದಾಗ ದೊಡ್ಡಿಯಲ್ಲಿ ಹಗ್ಗ ಬಿಚ್ಚಿ ಅದನ್ನು ಬಿಟ್ಟುಬಿಡುವುದು ರೂಢಿ. ದನ ತಾನೇ ನಡೆದು ಯಾವ ಮನೆಯ ಮುಂದೆ ನಿಲ್ಲುತ್ತದೋ ಅದೇ ಅದರ ಮನೆ. “ಮನುಷ್ಯಾ ಸುಳ್ಳು ಹೇಳಿದರೂ ದನ ಹೇಳಂಗಿಲ್ಲ,” ಎಂದು ಮರಿಬಸಪ್ಪನವರು ಎಲ್ಲರಿಗೂ ತಿಳಿಯುವಂತೆ ವಿವರಿಸಿದರು. ಬಜಾರಪ್ಪ ಗಾಡಿಯನ್ನು ಸ್ಟಾರ್ಟ್ ಮಾಡಿ, ಗೇರಿಗೆ ಹಾಕಿದ.

“ಬಿಡಪಾ,” ಎಂದರು ಮರಿಬಸಪ್ಪ.

ಬಿಟ್ಟ. ಗಾಡಿ ಒಬ್ಬಂಟಿಯಾಗಿ ಕೋಟೆ ಕೆಳಗಿನ ಇಳಿಜಾರಿನಲ್ಲಿ ಓಡಿತು. ಹಿಂದೆ ನೋಟ್‌ಬುಕ್ಕು ಹಿಡಿದ ಸುಂಕಣ್ಣ, ಅವನ ಹಿಂದೆ ಜನ, ಜನರ ಹಿಂದೆ ನಾಯಿ. ಒಂದು ಸೋಡಾ ಅಂಗಡಿಯನ್ನು ಸವರಿಕೊಂಡು, ತಿರುವಿನಲ್ಲಿ ಒಂದು ತಳ್ಳುಗಾಡಿಯನ್ನು ಬಳಸಿ, ಕೊನೆಗೆ ಅದು ಹಳೆಯ ಟೂರಿಂಗ್ ಟಾಕೀಸಿನ ಬಯಲಿಗೆ ನುಗ್ಗಿ ಮಗ್ಗುಲಾಗಿ ಮಲಗಿತು. ಎರಡು ವರ್ಷದ ಹಿಂದೆ ಟೆಂಟು ಎತ್ತಿಕೊಂಡು ಹೋದ ಮೇಲೆ ಆ ಬಯಲು ಖಾಲಿಯಾಗಿತ್ತು.

“ಸಾಹೇಬ್ರ, ಈ ಇಳಿಜಾರಾಗ ಮಳಿ ನೀರೂ ಇಲ್ಲಿಗೇ ಬರ್ತೈತ್ರಿ,” ಎಂದು ಗೋವಿಂದಪ್ಪ ಏದುಸಿರು ಬಿಡುತ್ತಾ ಹೇಳಿದ.

“ಮಳೆನೀರಿನ ಗುರುತು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ,” ಎಂದು ಸುಂಕಣ್ಣ ಅದನ್ನೂ ದಾಖಲಿಸಿದ.

ಅಷ್ಟರಲ್ಲಿ ಒಬ್ಬ ಸಾಕ್ಷಿ ಮುಂದೆ ಬಂದಳು. ಟೆಂಟಿನ ಬಾಗಿಲಲ್ಲಿ ಹದಿನಾಲ್ಕು ವರ್ಷ ಶೇಂಗಾ ಮಾರಿದ ಊರಮ್ಮ. ಮಲಗಿದಲ್ಲೇ ಗುಟುರು ಹಾಕುತ್ತಿದ್ದ ಎಂಜಿನ್ನಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಿವಿ ಕೊಟ್ಟಳು.

“ಈ ಕೆಮ್ಮು ನನಗ ಗೊತ್ತಿಲ್ಲೇನ್ರಿ? ಟಾಕೀಸಿಗೆ ಕರೆಂಟು ಕೊಡ್ತಿತ್ತಲ್ಲ, ಅದ ಎಂಜಿನ್ನು. ಮೂರು ಸಲ ಕೆಮ್ಮಿ ಒಂದು ಸಲ ಸುಮ್ಮಗಾಗ್ತಿತ್ತು. ಸುಮ್ಮಗಾತು ಅಂದ್ರ ಪರದೆ ಮ್ಯಾಲೆ ಕತ್ತಲಿ. ಜನ ಸೀಟಿ ಹೊಡಕೋತ ಹೊರಗ ಬಂದು ಶೇಂಗಾ ತಿಂತಿದ್ರು. ಅಯ್ಯೋ, ನನ್ನ ಹೊಟ್ಟಿ ಹೊರದದ್ದ ಇದರ ಕೆಮ್ಮಿನಿಂದ.” ಎಂದವಳೇ ಸಿಲಿಂಡರನ್ನು ಸವರಿ ಕೈ ಸುಟ್ಟುಕೊಂಡಳು. ಈ ಎರಡು ವರ್ಷ ಅವಳ ವ್ಯಾಪಾರ ಪೂರಾ ಬಿದ್ದುಹೋಗಿತ್ತಾದರೂ ಅದಕ್ಕೂ ಸಾಕ್ಷಿಗೂ ಯಾವ ಸಂಬಂಧವೂ ಇರಲಿಲ್ಲ. ಬಜಾರಪ್ಪನೂ ತಲೆ ಕೆರೆದುಕೊಂಡು, ಟೆಂಟಿನವರು ಹೋಗುವಾಗ ಏನೋ ಒಂದನ್ನು ತನ್ನ ರಾಶಿಗೆ ಎಸೆದದ್ದು ನಿಜ ಎಂದು ಒಪ್ಪಿಕೊಂಡ.

ಎಂಜಿನ್ನಿನ ಗುರುತು ಸಿಕ್ಕಿತು. ಗೋವಿಂದಪ್ಪ ಗಾಡಿಯನ್ನು ಎತ್ತಿ ನಿಲ್ಲಿಸಿ, “ಹಂಗಾರ ಒಯ್ಯಲೇನ್ರಿ?” ಎಂದ.

“ಒಯ್ಯಿ,” ಎಂದರು ಮರಿಬಸಪ್ಪ. “ಆದ್ರ ಎಂಜಿನ್ನು ಸಿನೆಮಾದ್ದು ಅಂತ ಆತಲ್ಲ, ಇನ್ನ ಅದು ಎಲ್ಲಿ ತಿರುಗಿದ್ರೂ ಆಟನ. ಸಿನೆಮಾ ಕಾನೂನು ಹತ್ತತೈತಿ.”

ಆ ಪ್ರಕಾರ ಲೈಸೆನ್ಸು ಬರೆಯಲಾಯಿತು. ಸದರಿ ಮೋಟಾರ್ ಸೈಕಲ್ಲು ದಿನಾಲೂ ಸಾಯಂಕಾಲ ಆರೂವರೆಗೆ ಒಂದೇ ಆಟವಾಗಿ ಹೊರಡತಕ್ಕದ್ದು. ಭಾನುವಾರ ಮಾತ್ರ ಮ್ಯಾಟಿನಿ ಉಂಟು. ಬೆಂಕಿ ಅನಾಹುತ ತಡೆಯಲು ಎರಡೂ ಮಗ್ಗುಲಿಗೆ ಮರಳು ತುಂಬಿದ ಬಕೀಟು ತೂಗುಹಾಕತಕ್ಕದ್ದು. ಹೆಂಗಸರಿಗೂ ಗಂಡಸರಿಗೂ ನಡುವೆ ಪರದೆ ಇರತಕ್ಕದ್ದು. ಆಟಕ್ಕೆ ಮುಂಚೆ ಸರ್ಕಾರಿ ಸುದ್ದಿ ಚಿತ್ರ ಕಡ್ಡಾಯ. ಚಿತ್ರ ತೋರಿಸುವ ಯಂತ್ರ ಇಲ್ಲದ ಕಾರಣ ಗುಮಾಸ್ತನು ಸುದ್ದಿಯನ್ನು ಗಟ್ಟಿಯಾಗಿ ಓದತಕ್ಕದ್ದು. ಅರ್ಧ ದಾರಿಯಲ್ಲಿ, ಎಂದರೆ ಆಲೂರಿನಲ್ಲಿ, ಹತ್ತು ನಿಮಿಷ ಇಂಟರ್ವಲ್. ಕೊನೆಯ ಷರತ್ತನ್ನು ಸುಂಕಣ್ಣ ಸ್ವಲ್ಪ ಸಣ್ಣ ಅಕ್ಷರದಲ್ಲಿ ಬರೆದ: ಕಚೇರಿಯವರಿಗೂ ಅವರ ಕುಟುಂಬಕ್ಕೂ ಕುರ್ಚಿ ಕ್ಲಾಸಿನ ಪಾಸು ಕೊಡತಕ್ಕದ್ದು.

ಗೋವಿಂದಪ್ಪ ಅದನ್ನು ಮಡಚಿ ಜೇಬಿಗಿಟ್ಟುಕೊಂಡ. ಮನೆಗೆ ಬಂದು ಹೆಂಡತಿಗೆ ಓದಿ ಹೇಳಿದ.

“ನಮ್ಮಿಬ್ಬರ ನಡುವ ಪರದೇನಾ?” ಎಂದಳು ವೆಂಕಮ್ಮ. “ಮೂವತ್ತು ವರ್ಷ ಸಂಸಾರ ಮಾಡೀವಿ.”

“ಸಂಸಾರಕ್ಕ ಲೈಸೆನ್ಸು ಬ್ಯಾಡ. ಇದಕ್ಕ ಬೇಕು. ಏನರ ಆಗ್ಲಿ, ಗಾಡಿ ಕೈಗೆ ಬಂತಲ್ಲ.”

ಅವಳು ಹಳೆಯ ಇಳಕಲ್ ಸೀರೆ ಕತ್ತರಿಸಿ ಪರದೆ ಹೊಲಿದಳು. ಪರೀಕ್ಷೆಗೆಂದು ಮೊದಲ ಆಟ ಬುಧವಾರ ಸಂಜೆ ನಡೆಯಿತು, ಬಯಲಿನಿಂದ ಊರ ಹೊರಗಿನ ಸುಂಕದ ನಾಕಾವರೆಗೆ. ಮರಿಬಸಪ್ಪನವರ ಬೀಗರು ದೇವನಕೊಂಡದಿಂದ ಗಾಡಿ ಕಟ್ಟಿಕೊಂಡು ಬಂದು ಮುಂದಿನ ಸಾಲಿನ ಕುರ್ಚಿ ಹಿಡಿದರು. ಟಿಕೆಟ್ಟು ಯಾರೂ ಕೊಳ್ಳಲಿಲ್ಲ, ಏಕೆಂದರೆ ಬಂದವರೆಲ್ಲ ಪಾಸಿನವರು. ಗಾಡಿ ಧೂಳೆಬ್ಬಿಸಿ ಮರೆಯಾದ ಮೇಲೂ ಅವರು ಎದ್ದುಹೋಗದೆ ಕಥೆ ಚೆನ್ನಾಗಿತ್ತು, ಸ್ವಲ್ಪ ಚಿಕ್ಕದಾಯಿತು ಎಂದು ಮಾತಾಡಿಕೊಂಡರು. ಊರಮ್ಮನ ಎರಡು ಬುಟ್ಟಿ ಶೇಂಗಾ ಖಾಲಿಯಾಯಿತು.

ಮಾರನೇ ದಿನ, ಗುರುವಾರ ಮಧ್ಯಾಹ್ನ, ಚಿಪ್ಪಗಿರಿಯಿಂದ ಮರಳಿದ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಆದಿಲಕ್ಷ್ಮಿಗೆ ದಿನ ತುಂಬುವ ಮುನ್ನವೇ ನೋವು ಶುರುವಾಗಿದೆ.

ವೆಂಕಮ್ಮ ಆಸ್ಪತ್ರೆಯಿಂದ ಬರಿಗಾಲಲ್ಲಿ ಕಚೇರಿಗೆ ಓಡಿಬಂದಳು. “ಸಾಹೇಬ್ರ, ಈಗ ಬಿಡ್ರಿ. ಹೋದ ಸಲ ಆಕಿ ಸತ್ತು ಬದುಕ್ಯಾಳ. ನಾ ಇಲ್ದಿದ್ರ ಏನಾಗ್ತೈತೋ ಏನೋ.”

ಮರಿಬಸಪ್ಪನವರ ಕಣ್ಣಲ್ಲಿ ನೀರೇ ಬಂತು. ಅವರಿಗೂ ಮೂರು ಹೆಣ್ಣುಮಕ್ಕಳು. “ಸ್ಪೆಷಲ್ ಷೋಕ್ಕ ಏನೈತಿ ನೋಡೋ ಸುಂಕಣ್ಣ,” ಎಂದರು. ಸುಂಕಣ್ಣ ನೋಡಿದ. ಹದಿನೈದು ದಿನ ಮುಂಚಿತವಾಗಿ ಅರ್ಜಿ ಕೊಡತಕ್ಕದ್ದು.

“ಭಾನುವಾರ ಆಗಿದ್ರ ಮ್ಯಾಟಿನಿ ಇತ್ತವ್ವ,” ಎಂದರು ಮರಿಬಸಪ್ಪ. “ಏಂ ಚೇಸ್ತಾಂ, ಏನ್ ಮಾಡೂದು. ಆರೂವರಿ ತನ ತಡ್ಕೋ ಅಂತ ಮಗಳಿಗೆ ಹೇಳಿ ಕಳಸು.”

ಚಿಪ್ಪಗಿರಿಯ ಕಡೆ ಹೊರಟಿದ್ದ ಒಂದು ಹತ್ತಿ ಲಾರಿಯವನ ಕೈಯಲ್ಲಿ ಹಾಗೆಯೇ ಹೇಳಿಕಳಿಸಿದರು. ಆ ಲಾರಿಯಲ್ಲಿ ವೆಂಕಮ್ಮನೇ ಏಕೆ ಹತ್ತಲಿಲ್ಲ ಎಂದು ಕೇಳುವವರಿದ್ದಾರೆ. ಹತ್ತಿದಳು. ಆಟದ ಹೆಂಗಸರ ಕ್ಲಾಸಿಗೆ ಹೆಸರು ಬರೆಸಿದವರು ಆಟ ಮುಗಿಯುವ ಮುನ್ನ ಎದ್ದುಹೋಗಬಹುದು, ಶುರುವಾಗುವ ಮುನ್ನ ಎದ್ದುಹೋಗುವಂತಿಲ್ಲ ಎಂದು ಸುಂಕಣ್ಣ ಅವಳನ್ನು ಇಳಿಸಿದ. ಅವಳು ಅವನನ್ನು ಬಾಯಿಗೆ ಬಂದಂತೆ ಬೈದಳು. ಎಲ್ಲವನ್ನೂ ಅವನು ಬರೆದುಕೊಂಡ.

ಆರೂವರೆಗೆ ಸರಿಯಾಗಿ ಸುದ್ದಿ ಚಿತ್ರ ಶುರುವಾಯಿತು. ವೆಂಕಮ್ಮ ಹಿಂದಿನ ಸೀಟಿನಲ್ಲಿ ಪರದೆಯಾಚೆ ಕೂತು ಹಲ್ಲು ಕಚ್ಚಿದ್ದಳು. ಸುಂಕಣ್ಣ ಅಣೆಕಟ್ಟಿನ ಕಾಲುವೆ, ಗಿಡ ನೆಡುವ ಸಪ್ತಾಹ, ತಾಯಂದಿರ ಆರೋಗ್ಯಕ್ಕೆ ಸರ್ಕಾರ ಹಮ್ಮಿಕೊಂಡ ಕ್ರಮಗಳು, ಇವನ್ನೆಲ್ಲ ಒಂದಕ್ಷರ ಬಿಡದೆ ಓದಿದ. ಪಾಸಿನವರು ಚಪ್ಪಾಳೆ ತಟ್ಟಿದರು. ಗಾಡಿ ಮೂರು ಸಲ ಕೆಮ್ಮಿ, ಒಂದು ಸಲ ಸುಮ್ಮನಾಗಿ, ಹೊರಟಿತು. ಆಲೂರಿನಲ್ಲಿ ಹತ್ತು ನಿಮಿಷ ನಿಂತಿತು. ಅಲ್ಲಿ ನೋಡುವವರು ಯಾರೂ ಇರಲಿಲ್ಲ, ಆದರೂ ಗೋವಿಂದಪ್ಪ ನಿಲ್ಲಿಸಿದ. ಮಿಲಿಟರಿಯಲ್ಲಿದ್ದವನಿಗೆ ಹುಕುಮು ಎಂದರೆ ಹುಕುಮು.

ಚಿಪ್ಪಗಿರಿ ಮುಟ್ಟುವ ಹೊತ್ತಿಗೆ ಎಂಟೂಕಾಲು. ವೆಂಕಮ್ಮ ಗಾಡಿ ನಿಲ್ಲುವ ಮೊದಲೇ ಪರದೆ ಹರಿದುಕೊಂಡು ಇಳಿದು ಒಳಗೆ ಓಡಿದಳು. ಒಳಗೆ ಎರ್ರಮ್ಮ ಬಿಸಿನೀರಿನ ಹಂಡೆಯ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದಳು. ಹೊತ್ತು ಮುಳುಗುವ ಮುಂಚೆ, ಆರರ ಸುಮಾರಿಗೆ, ಅವಳ ಕೈಯಲ್ಲೇ ಗಂಡು ಕೂಸು ಹುಟ್ಟಿತ್ತು. ತಾಯಿ ಮಗು ಎರಡೂ ಕ್ಷೇಮ. ವೆಂಕಮ್ಮ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ಸಾಕಾಗುವಷ್ಟು ಅತ್ತಳು. ನೂರಾರು ಮಂದಿಯ ಹೆರಿಗೆ ಮಾಡಿದ ಕೈಗೆ ಸ್ವಂತ ಮಗಳದು ದಕ್ಕಲಿಲ್ಲವಲ್ಲ ಎಂಬುದು ಅವಳ ಅಳಲು.

“ಎಲ್ಲಾರೂ ಆರೂವರಿ ತನ ತಡ್ಕೋ ಅಂದ್ರವ್ವ,” ಎಂದಳು ಆದಿಲಕ್ಷ್ಮಿ. “ಊರ ಹಿರ್ಯಾರೂ ಬಾಗಲಾಗ ನಿಂತು ಹೇಳಿದ್ರು. ತಡಕೊಂಡೆ. ಆಗ್ಲಿಲ್ಲ.”

ವಾರದ ನಂತರ ಕೂಸಿಗೆ ನೋಟೀಸು ಬಂತು. ಪ್ರಕಟಿಸಿದ ವೇಳೆಗೆ ಮುಂಚೆ, ಸುದ್ದಿ ಚಿತ್ರ ನೋಡದೆ, ಟಿಕೆಟ್ಟಾಗಲಿ ಪಾಸಾಗಲಿ ಇಲ್ಲದೆ ಪ್ರವೇಶ ಮಾಡಿದ್ದೇಕೆ ಎಂದು ಏಳು ದಿನದೊಳಗೆ ಸಮಜಾಯಿಷಿ ಕೇಳಲಾಗಿತ್ತು. ಊರ ಹಿರಿಯರು ಅದನ್ನು ಕಟ್ಟೆಯ ಮೇಲೆ ಓದಿಸಿ, ಸರ್ಕಾರ ಹೇಳುವುದರಲ್ಲೂ ನ್ಯಾಯವಿದೆ, ಕೂಸು ಸ್ವಲ್ಪ ಅವಸರ ಮಾಡಿತು ಎಂದು ಒಮ್ಮತಕ್ಕೆ ಬಂದರು. ಎರ್ರಮ್ಮ ತನ್ನ ಕಡೆಯಿಂದಲೂ ಕ್ಷಮೆ ಕೇಳುವಂತೆ ಹೇಳಿದಳು. ಗೋವಿಂದಪ್ಪ ಕಾಗದ, ಮಸಿ ತಂದ. ಅಕ್ಷರ ಚೆನ್ನಾಗಿದ್ದ ವೆಂಕಮ್ಮ ಮೊಮ್ಮಗನ ಪರವಾಗಿ ಮುಚ್ಚಳಿಕೆ ಬರೆದು, ಬಾಣಂತಿಗೆ ಓದಿ ಹೇಳಿದಳು: “ತಪ್ಪಾಯಿತು. ನಮ್ಮ ಮನೆಯ ಮುಂದಿನ ಹೆರಿಗೆಗಳು ಆರೂವರೆ ಆಟದ ನಂತರವೇ ಆಗುವಂತೆ ನೋಡಿಕೊಳ್ಳುತ್ತೇವೆ.”

ಆದಿಲಕ್ಷ್ಮಿ ಕೂಸಿಗೆ ಹಾಲೂಡಿಸುತ್ತಾ ಸ್ವಲ್ಪ ಯೋಚಿಸಿದಳು. “ಭಾನುವಾರದ ಮ್ಯಾಟಿನಿ ಅಂತ ಬರಿಯವ್ವ. ಹಗಲಾದ್ರ ನನಗೂ ತಡಕೊಳ್ಳಾಕ ಅಷ್ಟು ತ್ರಾಸಾಗಂಗಿಲ್ಲ.”

ಅದೂ ಸರಿಯೆನಿಸಿ, ವೆಂಕಮ್ಮ ಆರೂವರೆಯನ್ನು ಹೊಡೆದುಹಾಕಿ ಮ್ಯಾಟಿನಿ ಎಂದು ತಿದ್ದಿದಳು. ಆಮೇಲೆ ಕೂಸಿನ ಹೆಬ್ಬೆರಳನ್ನು ಮಸಿಯಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದಳು.