ಎಲ್ಲಿಗೆ ಅಂತ ಕೇಳಿದ ಲ್ಯಾಪ್‌ಟಾಪ್

ನಾನು ಭೂಗೋಳದ ಮೇಷ್ಟ್ರು. ಇಪ್ಪತ್ತಾರು ವರ್ಷಗಳಿಂದ ಚನ್ನಗಿರಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಅಕ್ಷಾಂಶ, ರೇಖಾಂಶ ಹೇಳಿಕೊಡುತ್ತಿದ್ದೇನೆ. ಗೋಡೆಯ ಮೇಲಿನ ನಕ್ಷೆಯಲ್ಲಿ ಬ್ರೆಜಿಲ್ ಎಲ್ಲಿದೆ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಕೋಲು ಇಡಬಲ್ಲೆ. ಅಂಥವನಿಗೆ ಸ್ವಂತ ಮಗಳ ಲಗ್ನಪತ್ರಿಕೆ ಹಂಚಲು ನಾಲ್ಕು ಊರು ಸುತ್ತುವುದು ಯಾವ ಮಹಾ ಕೆಲಸ!

ಕೆಲಸ ಮಹಾ ಅಲ್ಲ, ಆದರೆ ನಾಜೂಕಿನದು. ನಮ್ಮ ಕಡೆ ಲಗ್ನಪತ್ರಿಕೆ ಅಚ್ಚಾಗಿ ಬಂದ ಕೂಡಲೇ ಒಂದಕ್ಕೆ ಅರಿಶಿನ ಹಚ್ಚಿ ದೇವರ ಮುಂದೆ ಇಡುತ್ತೇವೆ. ಅದು ಹುಡುಗಿಯ ಸೋದರಮಾವನದು. ಗಂಡ ಹೆಂಡತಿ ಜೋಡಿಯಾಗಿ ಹೋಗಿ, ಬೇರೆ ಯಾರಿಗೂ ಕೊಡುವ ಮೊದಲು ಅವನ ಕೈಗೆ ಅದನ್ನು ಕೊಡಬೇಕು. ನನ್ನ ಮಗಳು ಚೈತ್ರಾಳ ಸೋದರಮಾವ, ಅಂದರೆ ನನ್ನ ಹೆಂಡತಿ ಗಿರಿಜಾಳ ಅಣ್ಣ, ಜಗಳೂರು ತಾಲ್ಲೂಕಿನ ಸೊಕ್ಕೆಯ ರುದ್ರಣ್ಣನವರು. ಊರಿನ ಹೆಸರಿಗೂ ಅವರ ಸ್ವಭಾವಕ್ಕೂ ಸಂಬಂಧವಿಲ್ಲ ಎಂದು ಗಿರಿಜಾ ಹೇಳುತ್ತಾಳೆ. ಒಮ್ಮೆ ಒಂದು ಗೃಹಪ್ರವೇಶದ ಊಟದಲ್ಲಿ ಪಾಯಸ ತಮಗಿಂತ ಮೊದಲು ಪಕ್ಕದ ಎಲೆಗೆ ಬಿತ್ತೆಂದು ಅವರು ಐದು ವರ್ಷ ಪಾಯಸವನ್ನೇ ಬಿಟ್ಟಿದ್ದರು. ಇಂಥವರು ಮದುವೆಯನ್ನು ಬಿಟ್ಟರೆ ಗತಿಯೇನು? ಮಂಟಪದಲ್ಲಿ ಸೋದರಮಾವ ಇಲ್ಲವೆಂದರೆ ಬೀಗರ ಮುಂದೆ ತಲೆ ಎತ್ತುವ ಹಾಗಿಲ್ಲ.

ಪ್ರಯಾಣವನ್ನು ಶಾಸ್ತ್ರೀಯವಾಗಿ ಮಾಡಬೇಕೆಂದು ನಾನು ತೀರ್ಮಾನಿಸಿದೆ. ಚೈತ್ರಾ ಬಳಸಿ ಬಿಟ್ಟ ಲ್ಯಾಪ್‌ಟಾಪಿಗೆ ದಾರಿ ತೋರಿಸುವ ತಂತ್ರಾಂಶ ಹಾಕಿಸಿದೆ. ಜೊತೆಗೆ ವೈರು ಸಿಕ್ಕಿಸಿದ, ಗೋಟಡಿಕೆ ಗಾತ್ರದ ಒಂದು ಜಿಪಿಎಸ್ ಯಂತ್ರ. ಆಕಾಶದ ಉಪಗ್ರಹಗಳ ಜೊತೆ ಮಾತಾಡುವುದು ಅದರ ಕೆಲಸ.

"ಫೋನಿನಾಗೆ ನೋಡಿದ್ರೆ ಸಾಲಲ್ವಾ ಅಪ್ಪಾ?" ಎಂದಳು ಮಗಳು.

"ಫೋನಿನ ಪರದೆ ಚಿಕ್ಕದು. ಭೂಗೋಳ ದೊಡ್ಡದು!" ಎಂದೆ. ಈ ಮಾತು ನನಗೆ ಬಹಳ ಹಿಡಿಸಿತು. ಎರಡು ಸಲ ಹೇಳಿದೆ.

ಭಾನುವಾರ ಬೆಳಗ್ಗೆ ಆರೂವರೆಗೆ ಕಾರಿನ ಪಕ್ಕ ನಿಂತು ಲ್ಯಾಪ್‌ಟಾಪ್ ತೆರೆದೆ. ಪರದೆ ಬೆಳಗಿತು. ಒಂದು ಹೆಣ್ಣುದನಿ ಇಂಪಾಗಿ ಕೇಳಿತು: "ಎಲ್ಲಿಗೆ?"

ಗಿರಿಜಾ ಕೈಯಲ್ಲಿದ್ದ ಚೀಲ ಕೆಳಗಿಟ್ಟಳು.

"ಕೆಟ್ಟಿತು ಬಿಡ್ರಿ! ಒಳ್ಳೇ ಕೆಲಸಕ್ಕೆ ಹೊರಟೋರನ್ನ ಎಲ್ಲಿಗೆ ಅಂತ ಕೇಳಬಾರದು ಅಂತ ಅದಕ್ಕೆ ಗೊತ್ತಿಲ್ವಾ? ದೂರ ಹೊಂಟೀರಾ ಅಂತ ಕೇಳಾಕೆ ಏನಾಗೈತೆ?"

"ಅದು ಯಂತ್ರ ಕಣೇ."

"ಯಂತ್ರ ಆದ್ರೇನು, ಬುದ್ಧಿ ಬ್ಯಾಡ್ವಾ?"

ಅಪಶಕುನಕ್ಕೆ ಪರಿಹಾರವಾಗಿ ನಾವು ಮತ್ತೆ ಒಳಗೆ ಹೋಗಿ, ಐದು ನಿಮಿಷ ಕೂತು, ನೀರು ಕುಡಿದು ಹೊರಗೆ ಬಂದೆವು. ಲ್ಯಾಪ್‌ಟಾಪಿಗೆ ನೀರು ಕುಡಿಸುವಂತಿರಲಿಲ್ಲವಾದ್ದರಿಂದ ಅದು ಮತ್ತೆ "ಎಲ್ಲಿಗೆ?" ಎಂದಿತು. ನಾನು ಕೆಮ್ಮಿ ಮುಚ್ಚಿಹಾಕಿದೆ.

ಊರುಗಳನ್ನು ಕ್ರಮವಾಗಿಯೇ ಬರೆದೆ. ಮೊದಲು ಸೊಕ್ಕೆ, ಆಮೇಲೆ ಹೊನ್ನಾಳಿ, ನ್ಯಾಮತಿ, ಸವಳಂಗ. 'ಹೋಗಿ ವಾಪಸ್ ಬರುವ ಪ್ರಯಾಣ' ಎಂಬಲ್ಲಿ ಗುರುತು ಹಾಕಿದೆ. ಗಿರಿಜಾಳಿಗೂ ಇದು ಒಪ್ಪಿಗೆಯಾಯಿತು. ಹೋಗುತ್ತೇವೆ ಅನ್ನಬಾರದು, ಹೋಗಿಬರುತ್ತೇವೆ ಅನ್ನಬೇಕು ತಾನೇ! ಇಷ್ಟಕ್ಕೇ ನಾನು ಕೈ ತೆಗೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕೆಳಗೆ ಹಸಿರು ಬಣ್ಣದ ಒಂದು ಗುಂಡಿ ಇತ್ತು. 'ಊರುಗಳನ್ನು ಜಾಣತನದಿಂದ ಜೋಡಿಸಿ.'

ಒತ್ತಿದೆ. ಕ್ಷಣದಲ್ಲಿ ಊರುಗಳು ಜಾಗ ಬದಲಾಯಿಸಿದವು. ಸವಳಂಗ ಮೊದಲು, ಆಮೇಲೆ ನ್ಯಾಮತಿ, ಹೊನ್ನಾಳಿ. ಸೊಕ್ಕೆ ಎಲ್ಲಕ್ಕಿಂತ ಕೊನೆಗೆ!

"ಅಣ್ಣಂಗೆ ಮೊದ್ಲು ಕೊಡ್ಬೇಕಲ್ರೀ!"

"ಮೊದಲು ಹೆಸರು ಬರೆದದ್ದು ಅವರದೇ. ಕೈಗೆ ಸಿಗೋದು ಸಾಯಂಕಾಲ ಆದ್ರೇನು? ಅವರಿಗೆ ಗೊತ್ತಾಗೋದಾದ್ರೂ ಹೆಂಗೆ? ವಿಜ್ಞಾನ ಹೇಳ್ತೈತೆ ಅಂದ್ಮೇಲೆ ಮುಗೀತು."

ವಿಜ್ಞಾನ ಎಂದಾಗ ಗಿರಿಜಾ ಸುಮ್ಮನಾಗುತ್ತಾಳೆ. ಒಪ್ಪಿ ಅಲ್ಲ, ಬೇಸತ್ತು. ನಾನು ಜಿಪಿಎಸ್ ಯಂತ್ರವನ್ನು ಕಾರಿನ ಮುಂದಿನ ಗಾಜಿನ ಬಳಿ ನಿಲ್ಲಿಸಲು ಪರದಾಡುತ್ತಿದ್ದೆ. ಅದು ಜಾರಿ ಜಾರಿ ಬೀಳುತ್ತಿತ್ತು. ಕೊನೆಗೆ ಅಡುಗೆಮನೆಯಿಂದ ಒಂದು ಉಂಡೆ ರೊಟ್ಟಿ ಹಿಟ್ಟು ತಂದು ಅಂಟಿಸಿದೆ. ಅದೇ ಹೊತ್ತಿಗೆ ಗಿರಿಜಾ, "ದೇವರ ಮುಂದಿಂದು ತಗೊಂಡ್ರಾ?" ಎಂದು ಕೇಳಿದಳು. ಹಿಟ್ಟು ಒತ್ತುತ್ತಾ "ಹ್ಞೂಂ" ಎಂದೆ.

ಈ 'ಹ್ಞೂಂ' ಅನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಗಿರಿಜಾ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಊರು ದಾಟುವ ಮೊದಲೇ ಆ ದನಿ, "ಮುನ್ನೂರು ಮೀಟರ್ ನಂತರ ಎಡಕ್ಕೆ ತಿರುಗಿ" ಎಂದಿತು. ತಿರುಗಿದೆ.

"ಅಲ್ರೀ, ಇಪ್ಪತ್ತೈದು ವರ್ಷದಿಂದ ನಾನು ಎಡಕ್ಕೆ ತಿರುಗ್ರಿ ಅಂದ್ರೆ ಬಲಕ್ಕೆ ಹೋಗ್ತಿದ್ರಿ. ಇವಳು ಒಂದ್ಸಲ ಅಂದಿದ್ದಕ್ಕೆ ತಿರುಗಿಬಿಟ್ರಿ!"

ನಾನು ರಸ್ತೆಯ ಕಡೆ ಗಮನ ಕೊಟ್ಟೆ.

ಸವಳಂಗದಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಪತ್ರಿಕೆ ಕೊಟ್ಟೆವು. ಉಪ್ಪಿಟ್ಟು ತಿಂದೆವು. ಕಾಲಿಗೆ ಬಿದ್ದು ಹೊರಟೆವು. ಎಂಟೂವರೆಗೆ ಮುಗಿಯಬೇಕೆಂದು ಲ್ಯಾಪ್‌ಟಾಪ್ ಹೇಳಿತ್ತು, ಎಂಟೂ ಮೂವತ್ತೈದಕ್ಕೆ ಮುಗಿಯಿತು. ಆ ಐದು ನಿಮಿಷ ಉಪ್ಪಿಟ್ಟಿನ ತಪ್ಪು. ನಾನು ಸ್ಟೇರಿಂಗ್ ಮೇಲೆ ತಾಳ ಹಾಕುತ್ತಾ ನ್ಯಾಮತಿಗೆ ಬಂದೆ.

ನ್ಯಾಮತಿಯಲ್ಲಿ ಗಿರಿಜಾಳ ಗೆಳತಿಯ ಮನೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ತಿನ್ನುತ್ತಿದ್ದಾಗ ಗಿರಿಜಾಳ ಫೋನು ಟಿಣ್ ಎಂದಿತು. ಮದುವೆಗೆಂದೇ ಚೈತ್ರಾ ಮಾಡಿದ್ದ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಮ್ಮ ಒಂದು ಫೋಟೊ ಹಾಕಿದ್ದರು. ಕೈಯಲ್ಲಿ ಪತ್ರಿಕೆ, ಮುಖದ ತುಂಬ ನಗು. ಕೆಳಗೆ ಬರೆದಿದ್ದರು: "ಮೊಟ್ಟಮೊದಲ ಪತ್ರಿಕೆ ನಮ್ಮನೆಗೆ!!!"

ಗಿರಿಜಾಳ ಕೈಯಿಂದ ಬೋಂಡಾ ಜಾರಿತು. ಮತ್ತೆ ಟಿಣ್. ರುದ್ರಣ್ಣನವರು ಗುಂಪು ಬಿಟ್ಟಿದ್ದರು.

ಫೋನು ಮಾಡಿದೆವು. ಎತ್ತಲಿಲ್ಲ. ಮತ್ತೆ ಮಾಡಿದೆವು. ಸ್ವಿಚ್ ಆಫ್.

"ಗೊತ್ತಾಗೋದು ಹೆಂಗೆ ಅಂದ್ರಲ್ಲ. ಹಿಂಗೆ!" ಎಂದಳು ಗಿರಿಜಾ. ಕಣ್ಣಲ್ಲಿ ನೀರು ತುಂಬಿತ್ತು. "ಧಾರೆ ಹೊತ್ತಿಗೆ ನಮ್ಮಣ್ಣ ಇರಲಿಲ್ಲ ಅಂದ್ರೆ ನಾನು ಮಂಟಪಕ್ಕೇ ಬರಂಗಿಲ್ಲ ನೋಡ್ರಿ."

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹೊನ್ನಾಳಿಯವರಿಗೆ ಇನ್ನೊಂದು ದಿನ ಕೊಟ್ಟರಾಯಿತು, ನೆಟ್ಟಗೆ ಸೊಕ್ಕೆಗೆ ಎಂದು ಕಾರು ಓಡಿಸಿದೆ. ಆದರೆ ಲ್ಯಾಪ್‌ಟಾಪು ಒಪ್ಪಬೇಕಲ್ಲ! ಹೊನ್ನಾಳಿ ದಾಟಿ ಹೊಳೆಯ ಸೇತುವೆಗೆ ಬಂದಾಗ "ಹಿಂತಿರುಗಿ, ಹೊನ್ನಾಳಿ ಬಿಟ್ಟಿದ್ದೀರಿ" ಎಂದು ಪಟ್ಟು ಹಿಡಿಯಿತು. ಬಿಸಿಲಿಗೆ ಹಿಟ್ಟು ಒಣಗಿ ಜಿಪಿಎಸ್ ಯಂತ್ರ ಕೆಳಗೆ ಬಿತ್ತು. ಗಿರಿಜಾ ಪರದೆ ನೋಡಿ ಕೂಗಿದಳು: "ರೀ, ನಾವು ಹೊಳೆಯಾಗೆ ಅದೀವಿ ಅಂತ ತೋರಿಸ್ತೈತೆ!"

ಸೇತುವೆ ದಾಟಿ ಕಾರು ನಿಲ್ಲಿಸಿ, ಹೊನ್ನಾಳಿಯನ್ನು ಪಟ್ಟಿಯಿಂದ ಅಳಿಸಿದೆ. 'ಹತ್ತಿರದ ದಾರಿ' ಎಂಬಲ್ಲಿ ಒತ್ತಿದೆ. ಹತ್ತಿರದ ದಾರಿಯ ಬಗ್ಗೆ ನಾನೇ ಮಕ್ಕಳಿಗೆ ಎಷ್ಟೋ ಬುದ್ಧಿ ಹೇಳಿದ್ದೇನೆ. ಆದರೂ ಒತ್ತಿದೆ.

ದೊಡ್ಡ ರಸ್ತೆ ಬಿಡಿಸಿ, ಒಂದು ಹಳ್ಳಿ ದಾಟಿಸಿ, ನೀರಾವರಿ ಚಾನಲ್ಲಿನ ಏರಿಯ ಮೇಲೆ ಹತ್ತಿಸಿ, ಅದು ನಮ್ಮನ್ನು ತಿರುವಿನಾಚೆಯ ಒಂದು ಡಾಂಬರು ರಸ್ತೆಗೆ ತಂದು, "ನೇರವಾಗಿ ಹೋಗಿ" ಎಂದಿತು. ನೇರವಾಗಿ ಹೋದೆ. ಕಾರಿನ ಕೆಳಗೆ ಕರಕರ ಸದ್ದಾಯಿತು. ರಸ್ತೆಯ ಉದ್ದಕ್ಕೂ ಮೆಕ್ಕೆಜೋಳ ಒಣಹಾಕಿದ್ದರು!

"ಏ ಯಪ್ಪಾ! ಕಣ್ಣು ಕಾಣಂಗಿಲ್ವಾ? ಜ್ವಾಳದ ಮ್ಯಾಲೆ ಕಾರು ಹತ್ತಿಸ್ತೀಯಲ್ಲ!" ಪೊರಕೆ ಹಿಡಿದ ಒಬ್ಬ ಅಜ್ಜಿ ಓಡಿಬಂದಳು.

"ಅಜ್ಜಿ, ನಕ್ಷೆಯಲ್ಲಿ ರಸ್ತೆ ಅಂತ ಇತ್ತು."

"ನಿನ್ನ ನಕ್ಷೆ ಬಂದು ಬಳೀತದಾ? ಇಳಿ ಕೆಳಗೆ!"

ಇಳಿದೆವು. ಇಪ್ಪತ್ತಾರು ವರ್ಷ ಅನುಭವವಿರುವ ಭೂಗೋಳದ ಮೇಷ್ಟ್ರು ಇಸ್ತ್ರಿ ಪಂಚೆ ಎತ್ತಿ ಕಟ್ಟಿ, ಕುಕ್ಕರುಗಾಲಲ್ಲಿ ಕೂತು ಅರ್ಧ ಗಂಟೆ ಜೋಳ ಗೋರಿದರು. ಅಜ್ಜಿಗೆ ಸಮಾಧಾನವಾಯಿತು.

"ಎಲ್ಲಿಗೆ ಹೊಂಟೀರಿ?" ಎಂದಳು.

ಗಿರಿಜಾ ಹಣೆ ಚಚ್ಚಿಕೊಂಡಳು. ನಾನು, "ಸೊಕ್ಕೆಗೆ. ಲಗ್ನಪತ್ರಿಕೆ ಕೊಡಾಕೆ" ಎಂದೆ.

"ಹೌದಾ? ನಂಗೂ ಒಂದು ಕೊಡು ಮತ್ತೆ. ಇಷ್ಟೊತ್ತು ಜ್ವಾಳ ಗೋರಿಕೊಟ್ಟೀರಿ, ನಂಟರಾದಂಗೇ ಆತು."

ಇಲ್ಲ ಅನ್ನುವುದು ಹೇಗೆ? ಹೀಗೆ ಸೋದರಮಾವನಿಗಿಂತ ಮೊದಲು, ಹೆಸರೂ ಗೊತ್ತಿಲ್ಲದ ಅಜ್ಜಿಗೂ ಪತ್ರಿಕೆ ಹೋಯಿತು. "ಮದುವಿಗೆ ಬರ್ತೀನಿ" ಎಂದು ಆಕೆ ಖುಷಿಯಿಂದ ಕಳಿಸಿಕೊಟ್ಟಳು.

ಜಗಳೂರು ಬರುವ ಹೊತ್ತಿಗೆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತು. ಅಲ್ಲಿಂದ ಮುಂದಿನ ದಾರಿಯನ್ನು ಟೀ ಅಂಗಡಿಯವನನ್ನು ಕೇಳಿದೆವು. "ಸೀದಾ ಹೋಗ್ರಿ" ಎಂದ. ಸೀದಾ ಹೋದೆವು. ಸೊಕ್ಕೆ ಬಂತು. ಹೊಳೆ ದಾಟಿದ ಮೇಲೆ ಹೇಳಿದ ಹಾಗೇ ಸಿಕ್ಕ ಊರು ಇದೊಂದೇ.

ಬಾಗಿಲು ತೆರೆದದ್ದು ರುದ್ರಣ್ಣನವರ ಹೆಂಡತಿ.

"ಅಯ್ಯೋ, ಇಲ್ಲಿಗೆ ಬಂದ್ರಾ? ಅವ್ರು ಹತ್ತೂವರೆ ಬಸ್ಸಿಗೆ ಚನ್ನಗಿರಿಗೆ ಹೋದ್ರಲ್ಲ! ನನ್ನ ಸೋದರ ಸೊಸೆ ಮದುವೆ ಯಾರು ಮಾಡ್ತಾರೆ ನೋಡೇಬಿಡ್ತೀನಿ ಅಂತ ಹೋದ್ರು."

ಗಿರಿಜಾ ಕುಸಿದು ಕೂತಳು. ನಾನು ಧೈರ್ಯ ತಂದುಕೊಂಡು, "ಅತ್ತಿಗೆಮ್ಮ, ಅವರ ಪತ್ರಿಕೆಯನ್ನಾದರೂ ಮನೆ ಮುಟ್ಟಿಸಿದ್ದೀವಿ" ಎಂದು ಚೀಲಕ್ಕೆ ಕೈ ಹಾಕಿದೆ. ಎಲ್ಲಾ ಪತ್ರಿಕೆಗಳೂ ಇದ್ದವು. ಅರಿಶಿನ ಹಚ್ಚಿದ್ದು ಇರಲಿಲ್ಲ.

ಆಗ ಆ 'ಹ್ಞೂಂ' ನೆನಪಾಯಿತು!

ಗಿರಿಜಾ ಚೀಲ ಕಿತ್ತುಕೊಂಡು ಪತ್ರಿಕೆಗಳನ್ನೆಲ್ಲ ನೆಲದ ಮೇಲೆ ಸುರಿದು ಹುಡುಕಿದಳು. ಮಗಳಿಗೆ ಫೋನು ಮಾಡಿದೆ.

"ಮಾವ ಜಗಲಿ ಮ್ಯಾಲೆ ಕೂತಾರೆ ಅಪ್ಪಾ. ಮಾತಿಲ್ಲ. ಕಾಫಿನೂ ಬ್ಯಾಡ ಅಂದ್ರು. ದೇವರ ಮನೇಲಿರೋ ಪತ್ರಿಕೆ ಕೊಡ್ಲಾ?"

"ಮುಟ್ಟಬೇಡ! ಜೋಡಿಯಾಗಿ ನಾವೇ ಕೊಡಬೇಕು."

ಅತ್ತಿಗೆಮ್ಮ ಊಟ ಬಡಿಸಿದರು. ಊಟದ ಹೊತ್ತಿನಲ್ಲಿ ಲ್ಯಾಪ್‌ಟಾಪನ್ನೂ ಚಾರ್ಜಿಗೆ ಹಾಕಿದೆ. ಅವಮಾನವಾಗಿತ್ತು ನಿಜ, ಬುದ್ಧಿ ಇನ್ನೂ ಬಂದಿರಲಿಲ್ಲ.

ಹೊತ್ತು ಮುಳುಗುವ ಮೊದಲು ನಮ್ಮ ಮನೆ ಮುಂದೆ ಕಾರು ನಿಲ್ಲಿಸಿದೆ. ಜಗಲಿಯ ಮೇಲೆ ರುದ್ರಣ್ಣನವರು ಬಿಳಿ ಪಂಚೆ ಉಟ್ಟು, ಎದೆಗೆ ಕೈ ಕಟ್ಟಿಕೊಂಡು ಕೂತಿದ್ದರು. ನಾನು ತಲೆ ತಗ್ಗಿಸಿ ನಿಂತೆ.

"ಎಲ್ಲಿಗೆ ಹೋಗಿದ್ರಿ ಮೇಷ್ಟ್ರೇ?"

"ನಿಮ್ಮ ಮನೆಗೆ."

"ಯಾಕೆ?"

"ನಿಮಗೆ ಪತ್ರಿಕೆ ಕೊಡಾಕೆ."

"ಎಲ್ಲಿ ಐತೆ ಪತ್ರಿಕೆ?"

"ನಮ್ಮ ಮನೇಲಿ."

ರುದ್ರಣ್ಣನವರು ನನ್ನನ್ನೇ ನೋಡಿದರು. ಗಿರಿಜಾ ಬಿಕ್ಕುತ್ತಾ ಜಾಣ ಗುಂಡಿಯಿಂದ ಹಿಡಿದು ಜೋಳದ ಅಜ್ಜಿಯವರೆಗೆ ಎಲ್ಲವನ್ನೂ ಒಪ್ಪಿಸಿಬಿಟ್ಟಳು. ಅಜ್ಜಿಯ ಮಾತು ಬಂದಾಗ ಅವರ ಮೀಸೆ ಅಲುಗಿತು. ಅಷ್ಟರಲ್ಲಿ ಕಾರಿನೊಳಗಿಂದ ಆ ಇಂಪಾದ ದನಿ ಕೇಳಿಸಿತು: "ನೀವು ತಲುಪಬೇಕಾದ ಸ್ಥಳ ತಲುಪಿದ್ದೀರಿ."

ರುದ್ರಣ್ಣನವರು ನಕ್ಕ ನಗೆಗೆ ಎದುರುಮನೆಯವರು ಹೊರಗೆ ಬಂದರು. ಶಲ್ಯದಿಂದ ಕಣ್ಣು ಒರೆಸಿಕೊಳ್ಳುತ್ತಾ ಅವರು ಹೇಳಿದರು:

"ತಂಗೀ, ಜಗಳ ಆಡಾಕೆ ಅಂತ್ಲೇ ಬಂದಿದ್ದೆ. ಆದ್ರೆ ಇಂಥ ಮನುಷ್ಯನ ಮ್ಯಾಲೆ ಸಿಟ್ಟು ಮಾಡ್ಕೊಂಡ್ರೆ ನಂಗೇ ಅವಮಾನ. ತಗೊಂಡು ಬಾ ಪತ್ರಿಕೆ."

ಜೋಡಿಯಾಗಿ ನಿಂತು ಕೊಟ್ಟೆವು. ಮೊದಲನೆಯ ಪತ್ರಿಕೆ ಕೊನೆಗೂ ಅವರ ಕೈ ಸೇರಿತು. ಅಂದು ಅವರು ಪಾಯಸವನ್ನೂ ಎರಡು ಸಲ ಹಾಕಿಸಿಕೊಂಡರು. ನನ್ನ ದಡ್ಡತನ ಮಗಳ ಮದುವೆಯನ್ನು ಕೆಡಿಸಹೊರಟು, ಕೊನೆಗೆ ತಾನೇ ಅದನ್ನು ಉಳಿಸಿತು.

ಮದುವೆಯ ಕೆಲಸಗಳನ್ನು ಈಗ ರುದ್ರಣ್ಣನವರೇ ಹಂಚಿದ್ದಾರೆ. ನನಗೂ ಒಂದು ಸಿಕ್ಕಿದೆ. ಛತ್ರದ ಬಾಗಿಲಲ್ಲಿ ನಿಂತು, ಬಂದವರಿಗೆ ಊಟದ ಹಾಲ್ ಯಾವ ಕಡೆ ಎಂದು ಕೈ ತೋರಿಸುವುದು. ಮೇಷ್ಟ್ರ ಮಾತು ನಂಬಿ ಯಾರೂ ಉಪವಾಸ ಬೀಳದಿರಲಿ ಎಂದು ನನ್ನ ಪಕ್ಕದಲ್ಲೇ ಬಾಣದ ಗುರುತಿನ ಒಂದು ಬೋರ್ಡನ್ನೂ ಬರೆಸಿಟ್ಟಿದ್ದಾರೆ.