ಒಂದೇ ಬಾಗಿಲು, ಮೂರು ಸರ್ವರು

ಒಂದು ಕೆಲಸ ಸುಲಭವಾಗಿ ಮುಗಿಯುತ್ತದೆ ಎಂದು ಗೊತ್ತಾದ ಕೂಡಲೇ ನನಗೆ ಅದರಲ್ಲಿ ಆಸಕ್ತಿ ಹೋಗಿಬಿಡುತ್ತದೆ. ಇದು ರೋಗ ಎನ್ನುತ್ತಾಳೆ ನನ್ನ ಹೆಂಡತಿ. ಸಂಶೋಧನಾ ಪ್ರವೃತ್ತಿ ಎನ್ನುತ್ತೇನೆ ನಾನು. ಮಣಿಪಾಲದ ಕಚೇರಿಯೊಂದು ಹಳತಾಯಿತೆಂದು ಹೊರಹಾಕಿದ ಮೂರು ಕಂಪ್ಯೂಟರುಗಳು ಶಂಕರಪುರದ ನಮ್ಮ ಅಟ್ಟ ಸೇರಿದ್ದು ಈ ಪ್ರವೃತ್ತಿಯಿಂದಲೇ. ಒಂದರಲ್ಲಿ ಫೋಟೋಗಳು, ಇನ್ನೊಂದರಲ್ಲಿ ಹಳೆಯ ಕ್ಯಾಸೆಟ್ಟಿನ ಹಾಡುಗಳು, ಮೂರನೆಯದಕ್ಕೆ ಮಲ್ಲಿಗೆ ತೋಟದ ಕ್ಯಾಮೆರಾ. ಅವುಗಳನ್ನು ಯಾರಾದರೂ ಕಂಪ್ಯೂಟರ್ ಎಂದರೆ ನಾನು ಸರ್ವರ್ ಎಂದು ತಿದ್ದುತ್ತಿದ್ದೆ.

ಕಾರ್ಕಳದಲ್ಲಿರುವ ಅತ್ತೆಗೆ ಎಂಬತ್ತು ತುಂಬುವುದರಲ್ಲಿತ್ತು. ನನ್ನ ಹೆಂಡತಿ ತೊಟ್ಟಿಲಲ್ಲಿದ್ದಾಗ ಅವರು ಹಾಡಿದ ಜೋಗುಳವನ್ನು ಮಾವ ಟೇಪ್ ಮಾಡಿಟ್ಟಿದ್ದರು; ಆ ಕ್ಯಾಸೆಟ್ಟೂ ನನ್ನ ಹಾಡಿನ ಸರ್ವರ್ ಸೇರಿತ್ತು. "ಕೊನೆಗೆ ಅವರು ಎಂತದೋ ಹೇಳ್ತಾರೆ. ಆ ಸ್ವರ ಒಮ್ಮೆ ಕೇಳಬೇಕು" ಎಂದರು ಅತ್ತೆ. ಮಾವ ತೀರಿಕೊಂಡು ಹತ್ತು ವರ್ಷವಾಗಿತ್ತು. ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋದರಾಯಿತಲ್ಲ ಎಂದಳು ಹೆಂಡತಿ. ಮೂರು ಸರ್ವರ್ ಇಟ್ಟುಕೊಂಡವನು ಹಾಡನ್ನು ಜೇಬಿನಲ್ಲಿ ಹೊತ್ತುಕೊಂಡು ಹೋಗುವುದೇ? ಕಾರ್ಕಳದ ಟೀವಿಯಲ್ಲೇ ಕೇಳಿಸುತ್ತೇನೆ ಎಂದು ಅತ್ತೆಯ ಜೊತೆಗಿರುವ ಭಾವನಿಗೆ, ಹೆಂಡತಿಯ ಅಣ್ಣನಿಗೆ, ಮಾತು ಕೊಟ್ಟುಬಿಟ್ಟೆ. ಆ ಟೇಪನ್ನು ಕೊನೆಯವರೆಗೆ ಕೇಳುವ ವ್ಯವಧಾನವೂ ನನಗಿರಲಿಲ್ಲ.

ತೊಂದರೆ ಏನೆಂದರೆ, ಇಂಟರ್ನೆಟ್ಟಿನಿಂದ ನಮ್ಮ ಮನೆಗೆ ಇರುವುದು ಒಂದೇ ಬಾಗಿಲು, ಅದು ತೆರೆಯುತ್ತಿದ್ದದ್ದು ಕ್ಯಾಮೆರಾದ ಸರ್ವರಿಗೆ. ಹಾಡು ಕೇಳಬಂದರೂ ಫೋಟೋ ನೋಡಬಂದರೂ ನೇರ ಮಲ್ಲಿಗೆ ತೋಟಕ್ಕೇ ಹೋಗಿ ನಿಲ್ಲಬೇಕಾಗುತ್ತಿತ್ತು. ಹದಿನೈದು ದಿನ ತಲೆ ಕೆಡಿಸಿಕೊಂಡೆ. ಒಂದು ಬೆಳಿಗ್ಗೆ ನೋಡುತ್ತೇನೆ, ಹೆಂಡತಿ ಗೇಟಿನಲ್ಲಿ ನಿಂತು ಹೂವಿಗೆ ಬಂದವರನ್ನು ಹಿತ್ತಲಿಗೆ, ಮೀನಿನವಳನ್ನು ಅಡುಗೆಮನೆಯ ಬಾಗಿಲಿಗೆ, ನನ್ನನ್ನು ಹುಡುಕಿ ಬಂದವರನ್ನು ಅಟ್ಟಕ್ಕೆ ಕಳಿಸುತ್ತಿದ್ದಾಳೆ. ಅದೇ ಕೆಲಸ ಮಾಡುವ ಪ್ರೋಗ್ರಾಮೊಂದನ್ನು ಬಾಗಿಲಲ್ಲಿ ಕೂರಿಸಿದೆ. ಯಾವ ಹೆಸರು ಹೇಳಿ ಬಂದರೋ ಅಲ್ಲಿಗೆ ಕಳಿಸುವುದು, ಅಷ್ಟೇ. ಸಂಜೆ ಕಾಪು ಕಡಲ ಬದಿಯಲ್ಲಿ ನಿಂತು ಮೊಬೈಲಿನಲ್ಲಿ ನೋಡಿದರೆ ಮೂರೂ ತೆರೆದವು! ಖುಷಿಗೆ ಪಕ್ಕದಲ್ಲಿದ್ದ ಅಪರಿಚಿತರಿಗೆಲ್ಲ ಚರುಮುರಿ ಕೊಡಿಸಿದೆ.

ಹುಟ್ಟುಹಬ್ಬದ ದಿನ ಅತ್ತೆ ಹೊಸ ಸೀರೆ ಉಟ್ಟು ಟೀವಿಯ ಎದುರು ಕುಳಿತರು. ನಾನು ಸಣ್ಣ ಭಾಷಣ ಬಿಗಿದು ಗುಂಡಿ ಒತ್ತಿದೆ. ಏನೂ ಬರಲಿಲ್ಲ. ಮತ್ತೆ ಒತ್ತಿದೆ. ಅತ್ತೆ ಪಾಪ, ಆಗಲೂ ನನ್ನನ್ನೇ ನಂಬಿ ನೋಡುತ್ತಿದ್ದರು. ಹೆಂಡತಿ ಕಿವಿಯ ಬಳಿ ಬಂದಳು: "ಹೊರಡುವಾಗ ಮೈನ್ ಆಫ್ ಮಾಡಿದ್ರಾ?"

ಗುಡುಗು ಸಿಡಿಲಿನ ನಮ್ಮ ಸೀಮೆಯಲ್ಲಿ ಬೀಗ ಹಾಕುವ ಮೊದಲು ಮೈನ್ ಸ್ವಿಚ್ ಆಫ್ ಮಾಡುವುದು ಚಪ್ಪಲಿ ಮೆಟ್ಟಿದಷ್ಟೇ ಸಹಜ. ಮಾಡಿದ್ದೆ. ನನ್ನ ಈ ಕೈಯಿಂದಲೇ.

ಪಕ್ಕದ ಮನೆಯ ಸುಮತಿಯಕ್ಕನಿಗೆ ಫೋನ್ ಹೋಯಿತು. ಅವರು ಕಟ್ಟುತ್ತಿದ್ದ ಹೂವು ಬಿಟ್ಟು ಓಡಿ, ನಮ್ಮ ಜಗಲಿಯ ಮೈನ್ ಹಾಕಿದರು. ಕರೆಂಟು ಬಂದ ಕೂಡಲೇ ತಾವೇ ಏಳುವಂತೆ ನಾನು ಮಾಡಿಟ್ಟಿದ್ದ ಸರ್ವರುಗಳು ಎದ್ದವು, ಐದು ನಿಮಿಷದಲ್ಲಿ ಟೀವಿಯಿಂದ ಜೋಗುಳ ಬಂತು. ಅತ್ತೆ ಕಣ್ಣು ಮುಚ್ಚಿದರು. ಹಾಡು ಮುಗಿಯುತ್ತಿದ್ದಂತೆ ಮಾವನ ಸ್ವರ: "ಸಾಕು ಮಾರಾಯ್ತಿ, ಗುಡುಗು ಬರ್ತಾ ಉಂಟು. ಮೈನ್ ಆಫ್ ಮಾಡ್ತೇನೆ." ಟೇಪು ಅಲ್ಲಿಗೆ ನಿಂತಿತ್ತು.

ಅತ್ತೆ ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. "ನಮ್ಮ ಅಳಿಯನಿಗೂ ಅವರದ್ದೇ ಬುದ್ಧಿ" ಎಂದು, ಇನ್ನೊಮ್ಮೆ ಹಾಕಲು ಹೇಳಿದರು. ನಾನು ಹಿಗ್ಗಿಹೋದೆ. ಜೋಗುಳ ಅರ್ಧವಾಗಿತ್ತು, ಹೊರಗೆ ನಿಜಕ್ಕೂ ಗುಡುಗಿತು. ಭಾವ ಬಂದು ಕೈ ಹಿಡಿದಾಗಲೇ ನನಗೆ ಗೊತ್ತಾದದ್ದು, ನಾನು ಎದ್ದು ಹೋಗಿ ಅವರ ಮನೆಯ ಮೈನ್ ಸ್ವಿಚ್ಚಿನ ಮುಂದೆ ನಿಂತಿದ್ದೇನೆಂದು.